ಲೇಸರ್ ಕಟ್ ಗೂಡ್ಸ್ ಶೆಡ್: ಬಣ್ಣ ಹಚ್ಚಿದ ಮೇಲೆ ಗೋಡೆ ಸೊಟ್ಟ ಆಯ್ತು, ಏನು ಮಾಡೋದು?

ಹೊಸಹಳಿ:
ನಮಸ್ಕಾರ ಎಲ್ಲರಿಗೂ. ಮಾಡೆಲ್ ರೈಲಿನ ಹಳಿ, ಪಾಯಿಂಟ್ (ಹಳಿ ಕವಲೊಡೆಯುವ ಜಾಗ), ವೈರಿಂಗ್ ಎಲ್ಲ ಮಾಡಿ ಕೈ ಪಳಗಿದೆ, ಕಟ್ಟಡ ಮಾತ್ರ ಇದೇ ಮೊದಲು. ನನ್ನ ಲೇಔಟ್ ಎಚ್‌ಓ, ಅಂದರೆ ನಿಜದ್ದರ 1:87 ಅಳತೆ. ತಂದಿದ್ದು ಒಂದು ಗೂಡ್ಸ್ ಶೆಡ್ ಕಿಟ್. ಗೋಡೆಗಳು 2 ಮಿ.ಮೀ. ಎಂಡಿಎಫ್, ಇಟ್ಟಿಗೆ ಗೆರೆ ಅದರ ಮೇಲೇ ಕೆತ್ತಿದೆ, ಕಿಟಕಿ ಚೌಕಟ್ಟು ದಪ್ಪ ಕಾಗದದ್ದು. ಗಂ ಇಲ್ಲದೆ ಸುಮ್ನೆ ಜೋಡಿಸಿ ನೋಡಿದಾಗ ಹಾಗೇ ನಿಂತುಕೊಂಡಿತು, ಅಷ್ಟು ಕರಾರುವಾಕ್ಕು. ಖುಷಿ ಆಯ್ತು. ಆಮೇಲೆ ಗೋಡೆಗಳನ್ನು ಬಿಚ್ಚಿ, ಹೊರಮುಖಕ್ಕೆ ನೀರು ಬೆರೆಸಿದ ಅಕ್ರಿಲಿಕ್ ಬಣ್ಣ ಎರಡು ಕೋಟ್ ಹಚ್ಚಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಉದ್ದದ ಗೋಡೆ ಬಿಲ್ಲಿನ ಹಾಗೆ ಬಾಗಿದೆ. ಚಿಕ್ಕ ಗೋಡೆಗಳ ಅಂಚಿನ ಜೋಡಣೆ ಹಲ್ಲು ಈಗ ತೂತಿಗೆ ಹೋಗುತ್ತಲೇ ಇಲ್ಲ.

ಸಾಲದು ಅಂತ ಕಿಟಕಿಯ ಗಾಜನ್ನು ಸೂಪರ್ ಗ್ಲೂ ಹಾಕಿ ಅಂಟಿಸಿದೆ, ಸುತ್ತ ಬಿಳಿ ಮಂಜು ಕವಿದಿದೆ. ಮೂಲೆಗಳಲ್ಲಿ ಸುಟ್ಟ ಕಂದು ಹಲ್ಲುಗಳು ಎದ್ದು ಕಾಣುತ್ತವೆ, ಇಟ್ಟಿಗೆ ಗೋಡೆಯಲ್ಲ, ಬೀರುವಿನ ಡ್ರಾಯರ್ ಥರ ಇದೆ. ಇನ್ನೊಂದು, ಇದು ನನ್ನ ಭ್ರಮೆ ಇರಬಹುದು, ಬಾಗಿಲ ಮುಂದೆ ಗಾರ್ಡ್ ಗೊಂಬೆ ನಿಲ್ಲಿಸಿದರೆ ಸ್ಕೂಲ್ ಹುಡುಗ ನಿಂತ ಹಾಗೆ ಕಾಣುತ್ತಾನೆ. ಕಿಟ್ ಎಸೆಯಬೇಕಾ, ಉಳಿಸಬಹುದಾ?

ಮರದಪುಡಿ:
ಎಸೆಯಬೇಡಿ ಮಾರಾಯ್ರೆ. ಮೊದಲ ಕಿಟ್‌ನಲ್ಲಿ ನಾನೂ ಇದೇ ಮಾಡಿದ್ದೆ, ಅದೂ ತೆಳು ಪ್ಲೈವುಡ್‌ನಲ್ಲಿ, ನಿಮ್ಮದಕ್ಕಿಂತ ಜಾಸ್ತಿ ಬಾಗಿತ್ತು.

ಆಗಿದ್ದು ಇಷ್ಟೇ. ಎಂಡಿಎಫ್ ಅಂದರೆ ಮರದ ನಾರಿಗೆ ಅಂಟು ಬೆರೆಸಿ ಒತ್ತಿದ ಹಲಗೆ, ನೀರು ಕುಡಿಯುತ್ತದೆ. ಒಂದೇ ಮುಖಕ್ಕೆ ನೀರಿನ ಬಣ್ಣ ಬಿದ್ದರೆ ಆ ಮುಖ ಮೊದಲು ಹಿಗ್ಗುತ್ತದೆ, ಒಣಗುವಾಗ ಬಣ್ಣದ ಪದರ ಕುಗ್ಗಿ ತನ್ನ ಕಡೆಗೇ ಎಳೆಯುತ್ತದೆ. ಹಿಂದಿನ ಮುಖದಲ್ಲಿ ಅದಕ್ಕೆ ಎದುರಾಗಿ ಎಳೆಯುವವರು ಯಾರೂ ಇಲ್ಲ. ಹಾಗಾಗಿ ಈಗ ಹಿಂಬದಿಗೂ ಅಷ್ಟೇ ಕೋಟ್ ಹಚ್ಚಿ, ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಭಾರ ಹೇರಿ. ಒಂದು ರಾತ್ರಿ ಸಾಲದಿದ್ದರೆ ಎರಡು ರಾತ್ರಿ. ಹಿಂಬದಿಗೆ ಕಪ್ಪು ಬಣ್ಣವೇ ಇರಲಿ, ಮುಂದೆ ಒಳಗೆ ಎಲ್‌ಇಡಿ ಹಾಕಿದಾಗ ಗೋಡೆಯ ಮೂಲಕ ಬೆಳಕು ಸೋರುವುದಿಲ್ಲ. ಪೂರ್ತಿ ನೆಟ್ಟಗಾಗದಿದ್ದರೂ ಚಿಂತೆ ಬೇಡ, ಒಳಗಡೆ ಉದ್ದಕ್ಕೆ ಒಂದು ಚೌಕ ಮರದ ಪಟ್ಟಿ ಅಂಟಿಸಿದರೆ ಗೋಡೆ ಅದರ ಮಾತು ಕೇಳುತ್ತದೆ.

ಮುಂದಿನ ಸಲ ಬಿಡಿ ಭಾಗ ಇರುವಾಗಲೇ ಎರಡೂ ಮುಖಕ್ಕೆ ಸ್ಪ್ರೇ ಪ್ರೈಮರ್ ಹೊಡೆಯಿರಿ. ಅದರಲ್ಲಿ ನೀರಿಲ್ಲದ್ದು ನೋಡಿ ತಗೊಳ್ಳಿ. ಅಂಚುಗಳಿಗೆ ಇನ್ನೊಂದು ಸಲ ಬೇಕು, ಎಂಡಿಎಫ್ ಅಂಚು ಎಷ್ಟು ಕೊಟ್ಟರೂ ಕುಡಿಯುತ್ತದೆ.

ಸಿಗ್ನಲ್‌ಕಂಬ:
ಹಲ್ಲು ತೂತಿಗೆ ಹೋಗದಿರುವುದು ಬಾಗಿದ್ದಕ್ಕೆ ಮಾತ್ರ ಅಲ್ಲ, ಬಣ್ಣಕ್ಕೂ ದಪ್ಪ ಇದೆಯಲ್ವಾ. ಒಳ್ಳೆ ಕಿಟ್‌ನಲ್ಲಿ ಜೋಡಣೆ ಬಿಗಿಯಾಗಿಯೇ ಇರುತ್ತದೆ, ಎರಡು ಕೋಟ್ ಬಿದ್ದರೆ ಮುಗೀತು. ಚಪ್ಪಟೆ ಅರದಿಂದ ಹಲ್ಲಿನ ಮೇಲಿನ ಬಣ್ಣ ಉಜ್ಜಿ ತೆಗೆಯಿರಿ, ಒತ್ತಿ ತುರುಕಬೇಡಿ, ಪದರ ಬಿಟ್ಟುಕೊಳ್ಳುತ್ತದೆ. ಉಜ್ಜಿದರೆ ಬರಿ ಮರ ಕಾಣುತ್ತದೆ, ಗಂ ಹಿಡಿಯುವುದೂ ಬರಿ ಮರಕ್ಕೇ.

ಮರದಪುಡಿ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಪ್ರೈಮರ್ ಬಿಡಿಯಾಗಿ, ಸರಿ. ಗೋಡೆಯ ಬಣ್ಣ ಮಾತ್ರ ನಾಲ್ಕೂ ಗೋಡೆ ನಿಂತ ಮೇಲೆಯೇ. ಯಾಕೆಂದರೆ ಮೂಲೆ ಸರಿ ಮಾಡದೆ ಬಣ್ಣ ಹಚ್ಚಿ ಏನು ಪ್ರಯೋಜನ? ಮೊದಲು ಮೂಲೆಮಟ್ಟ ಹಿಡಿದು ನೇರ ಕೂರಿಸಿ, ಬಿಳಿ ಮರದ ಗಂ ತೆಳುವಾಗಿ ಹಾಕಿ ಒಣಗಲು ಬಿಡಿ. ಆಮೇಲೆ ಹಲ್ಲಿನ ಸಂದುಗಳಿಗೆ ಫಿಲ್ಲರ್ ತುಂಬಿ, ಸ್ಯಾಂಡ್ ಪೇಪರ್ ಹೊಡೆದು, ಇಟ್ಟಿಗೆ ಸಾಲನ್ನು ಚಾಕುವಿನ ಬೆನ್ನಿಂದ ಮೂಲೆ ದಾಟಿಸಿ ಮತ್ತೆ ಗೀಚಿ. ನಿಜವಾದ ಇಟ್ಟಿಗೆ ಸಾಲು ಗಾರೆ ಸೇರಿ 75 ಮಿ.ಮೀ. ಅಂದುಕೊಂಡರೆ 1:87ರಲ್ಲಿ ಅದು 0.86 ಮಿ.ಮೀ. ಅಷ್ಟೇ. ಕನ್ನಡಕ ಹಾಕಿಕೊಂಡು ಕೂರಬೇಕು. ಅಷ್ಟು ತಾಳ್ಮೆ ಇಲ್ಲದಿದ್ದರೆ ಕಾಗದದಲ್ಲಿ ಮೂಲೆಗಲ್ಲು ಕತ್ತರಿಸಿ ಮೇಲೆ ಅಂಟಿಸಿ. ಎಲ್ಲಕ್ಕಿಂತ ಸೋಮಾರಿ ಉಪಾಯ, ಮೂಲೆಗೆ ಒಂದು ಮಳೆನೀರಿನ ಪೈಪ್. ನನ್ನ ಲೇಔಟ್‌ನಲ್ಲಿ ಅನುಮಾನ ಬರುವಷ್ಟು ಮಳೆನೀರಿನ ಪೈಪ್‌ಗಳಿವೆ.

ಗಾಜಿನ ಮಂಜು ಸೂಪರ್ ಗ್ಲೂ ಆವಿಯಿಂದ ಬಂದದ್ದು. ಒಣಗುವಾಗ ಏಳುವ ಆವಿ ಹತ್ತಿರದ ನುಣುಪು ಮೇಲ್ಮೈ ಮೇಲೆ ಬಿಳಿಯಾಗಿ ಕೂರುತ್ತದೆ. ಗಾಜನ್ನು ಎಲ್ಲ ಮುಗಿದ ಮೇಲೆ ಕೊನೆಗೆ, ಒಣಗಿದಾಗ ಪಾರದರ್ಶಕವಾಗುವ ಗಂ ಹಾಕಿ ಕೂರಿಸಬೇಕು. ಈಗ ಇರುವುದನ್ನು ಹಾಗೇ ಬಿಡಿ ಅಂತಲೇ ನನ್ನ ಸಲಹೆ. ಗೂಡ್ಸ್ ಶೆಡ್ ಕಿಟಕಿ ತೊಳೆಯುವವರನ್ನು ನೀವು ಯಾವಾಗಾದ್ರೂ ನೋಡಿದ್ದೀರಾ?

ಹೊಸಹಳಿ:
ಇಬ್ಬರಿಗೂ ಥ್ಯಾಂಕ್ಸ್. ಗೋಡೆ ಭಾರದ ಕೆಳಗೆ ಮಲಗಿದೆ. ಈ ಮಧ್ಯೆ ಎರಡು ಕಿಟಕಿ ಚೌಕಟ್ಟು ಹರಿದುಹೋಯಿತು, ಹಾಳೆಯಿಂದ ಬಿಡಿಸುವಾಗ ಕೈಯಲ್ಲಿ ಎಳೆದುಬಿಟ್ಟೆ. ಗೆಳೆಯನ ಹತ್ತಿರ ಲೇಸರ್ ಯಂತ್ರ ಇದೆ, ನನ್ನ ಹತ್ತಿರ ಬಿಳಿ ಪಿವಿಸಿ ಹಾಳೆ ಬಿದ್ದಿದೆ. ಅದರಲ್ಲೇ ಹೊಸದು ಕತ್ತರಿಸಿಕೊಳ್ಳಲಾ?

ಮರದಪುಡಿ:
ಬೇಡ! ಪಿವಿಸಿ ಮಾತ್ರ ಯಾವತ್ತೂ ಲೇಸರ್‌ಗೆ ಹಾಕಬೇಡಿ. ಅದರಲ್ಲಿ ಕ್ಲೋರಿನ್ ಇದೆ, ಸುಟ್ಟಾಗ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಬರುತ್ತದೆ. ನಿಮ್ಮ ಶ್ವಾಸಕೋಶಕ್ಕೂ ಕೆಟ್ಟದ್ದು, ಯಂತ್ರದ ಕಬ್ಬಿಣಕ್ಕೂ ತುಕ್ಕು, ಗೆಳೆತನಕ್ಕೂ ತುಕ್ಕು. ದಪ್ಪ ಕಾಗದ ತಗೊಳ್ಳಿ, ಅಥವಾ ತೆಳು ಅಕ್ರಿಲಿಕ್, ಎರಡೂ ಚೆನ್ನಾಗಿ ಕತ್ತರಿಸುತ್ತವೆ.

ಚಿತ್ರ ಬರೆಯುವಾಗ ನೆನಪಿಡಿ, ಕಿರಣವೂ ಒಂದಿಷ್ಟು ತಿನ್ನುತ್ತದೆ, ಸುಮಾರು 0.1ರಿಂದ 0.2 ಮಿ.ಮೀ. ಕಿಟಕಿಯ ಕಂಬಿ 0.5 ಅಂತ ಬರೆದರೆ ಎರಡೂ ಬದಿ ಸವೆದು 0.3 ಉಳಿಯಬಹುದು. ಮೊದಲು ತುಂಡು ಹಾಳೆಯಲ್ಲಿ ಒಂದು ಕತ್ತರಿಸಿ ಅಳೆಯಿರಿ. ಮತ್ತೆ, ಹಾಳೆಯಿಂದ ಬಿಡಿಸುವಾಗ ಎಳೆಯುವುದಲ್ಲ, ಹಿಡಿದಿರುವ ಸಣ್ಣ ಕೊಂಡಿಗಳನ್ನು ಹೊಸ ಬ್ಲೇಡಿನಿಂದ ಕತ್ತರಿಸುವುದು. ಹೊಸ ಬ್ಲೇಡ್, ಹಳೇದಲ್ಲ.

ಹಳೇಡೀಸೆಲ್:
ಎಲ್ಲರೂ ಗೋಡೆ ಬಗ್ಗೆ ಹೇಳಿದಿರಿ, ಆ ಸ್ಕೂಲ್ ಹುಡುಗನ ಬಗ್ಗೆ ಯಾರೂ ಮಾತಾಡಲಿಲ್ಲ. ಹೊಸಹಳಿ, ಬಾಗಿಲಿನ ಎತ್ತರ ಅಳೆದು ಹೇಳಿ. ಏಳು ಅಡಿಯ ಬಾಗಿಲಾದರೆ ಎಚ್‌ಓನಲ್ಲಿ 24.5 ಮಿ.ಮೀ. ಇರಬೇಕು. ಆರಡಿ ಮನುಷ್ಯ 21. ನಿಮ್ಮ ಕಿಟ್ ಡಬ್ಬದ ಮೇಲೆ ‘ಓಓ/ಎಚ್‌ಓ’ ಅಂತ ಎರಡೂ ಬರೆದಿದೆಯಾ? ಎರಡೂ ಓಡುವುದು 16.5 ಮಿ.ಮೀ. ಹಳಿಯ ಮೇಲೇ, ಅದಕ್ಕೇ ಹಾಗೆ ಸೇರಿಸಿ ಬರೆಯುತ್ತಾರೆ. ಆದರೆ ಓಓ ಅಂದರೆ ನಿಜದ ಒಂದು ಅಡಿಗೆ 4 ಮಿ.ಮೀ., ಎಚ್‌ಓ ಅಂದರೆ 3.5. ಹಳಿಗೆ ಸರಿಹೋದದ್ದು ಬಾಗಿಲಿಗೆ ಸರಿಹೋಗುವುದಿಲ್ಲ.

ಹೊಸಹಳಿ:
ಅಳೆದೆ. 28. ಡಬ್ಬದ ಮೇಲೂ ಎರಡೂ ಬರೆದಿದೆ, ನಾನು ಎಚ್‌ಓ ಅನ್ನುವುದನ್ನು ಮಾತ್ರ ಓದಿದ್ದೆ.

ಹಳೇಡೀಸೆಲ್:
ಹಾಗಾದರೆ ಅದು ಪಕ್ಕಾ ಓಓ. ಬೇಜಾರಾಗಬೇಡಿ. ಶೆಡ್ಡನ್ನು ಲೇಔಟ್‌ನ ಮುಂಭಾಗಕ್ಕೆ, ನೋಡುವವರ ಹತ್ತಿರ ಇಡಿ. ಹತ್ತಿರದ್ದು ಸ್ವಲ್ಪ ದೊಡ್ಡದಿದ್ದರೆ ಕಣ್ಣು ಒಪ್ಪುತ್ತದೆ, ಹಿಂದಿರುವ ಲೇಔಟ್ ಇನ್ನೂ ಆಳವಾಗಿ ಕಾಣುತ್ತದೆ. ಬಾಗಿಲಿನ ಕೆಳಗೆ 3.5 ಮಿ.ಮೀ. ಎತ್ತರದ ಮೆಟ್ಟಿಲು ಕೂರಿಸಿ ಬಾಗಿಲನ್ನು ಅಷ್ಟು ಕತ್ತರಿಸಿದರೆ ಲೆಕ್ಕವೂ ಸರಿಹೋಗುತ್ತದೆ. ಗಾರ್ಡ್‌ನನ್ನು ಮಾತ್ರ ಅಲ್ಲಿಂದ ಎತ್ತಿ ಪ್ಲಾಟ್‌ಫಾರ್ಮ್‌ನ ಆ ತುದಿಗೆ ಕಳಿಸಿ.

ಸಿಗ್ನಲ್‌ಕಂಬ:
ಇಟ್ಟಿಗೆ ಸಾಲೂ ಹಾಗಾದರೆ 0.86 ಅಲ್ಲ, 0.98. ನಾನು ಹೇಳಿದ ಲೆಕ್ಕ ಹಿಡಿದು ಗೀಚಿಬಿಡಬೇಡಿ ಮತ್ತೆ!

ಹೊಸಹಳಿ:
ಒಂದು ಮೂಲೆ ಗೀಚಿ ಆಯ್ತು ಸರ್. ಅಲ್ಲಿಗೆ ಮಳೆನೀರಿನ ಪೈಪ್ ಬರುತ್ತದೆ.