ಓಣಿಯ ಹೊಸ ನೀರಿನ ಪೈಪ್ ಪರೀಕ್ಷೆ ಆಗಿದೆಯಾ ಅಂತ ಯಾರನ್ನು ಕೇಳಬೇಕು? (ಹುಬ್ಬಳ್ಳಿ–ಧಾರವಾಡ)

ಹಳೇ ಓಣಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಧಾರವಾಡದ ಹಳೆಯ ಓಣಿಯೊಂದರಲ್ಲಿ ನಮ್ಮ ಮನೆ. ನಾನು ಸಣ್ಣವಳಿದ್ದಾಗ ನಳ ಬರುತ್ತಿದ್ದದ್ದು ವಾರಕ್ಕೊಮ್ಮೆ. ಅವತ್ತು ಅವ್ವ ಎಲ್ಲಿಗೂ ಹೋಗುತ್ತಿರಲಿಲ್ಲ, ಮನೆತನದ ಮದುವೆ ಇದ್ದರೂ ಅಷ್ಟೇ. ಈಗ ಅವಳಿಗೆ 74. ಹಿತ್ತಲಿನ ಹಂಡೆ, ಎರಡು ಪ್ಲಾಸ್ಟಿಕ್ ಡ್ರಮ್ಮು, ಕಟ್ಟಿಸಿದ ತೊಟ್ಟಿ ಇನ್ನೂ ಹಾಗೇ ಇವೆ.

24 ತಾಸು ನೀರು ಕೊಡುವ ಯೋಜನೆಗೆ ಅಂತ ಹೋದ ತಿಂಗಳು ಓಣಿ ಅಗೆದು ಹಳೆಯ ಸಿಮೆಂಟ್ ಪೈಪಿನ ಪಕ್ಕದಲ್ಲೇ ಹೊಸ ಪೈಪ್ ಹಾಕಿದರು. ಮನೆ ಮನೆಗೆ ನೀಲಿ ಪೈಪ್ ಎಳೆದರು. ಕೆಲಸದ ಹುಡುಗರು ಒಳ್ಳೆಯವರು, ಅವ್ವನ ಚಹಾಕ್ಕೆ ದಿನಾ ಬರುತ್ತಿದ್ದರು. ನಾನು ಬ್ಯಾಂಕಿನಿಂದ ಸಂಜೆ ಬರುವಷ್ಟರಲ್ಲಿ ಒಂದು ದಿನ ಎಲ್ಲ ಮುಚ್ಚಿಯಾಗಿತ್ತು. "ಪೈಪ್ ಸೋರುತ್ತಾ ಅಂತ ನೋಡಿದ್ರೇನ್ರಪ್ಪಾ?" ಎಂದು ಕೇಳಿದೆ. "ಮೇಲಿನವರು ನೋಡ್ತಾರ್ರಿ ಅಕ್ಕಾರ" ಅಂದರು.

ನಾನಿಲ್ಲದಾಗ ಪರೀಕ್ಷೆ ಆಗಿದ್ದರೂ ಆಗಿರಬಹುದು. ಯಾರನ್ನೂ ದೂರುತ್ತಿಲ್ಲ. ಆದರೆ ಈ "ಮೇಲಿನವರು" ಯಾರು? ಪಾಲಿಕೆಯಾ, ಬೆಂಗಳೂರಾ, ಸಾಲ ಕೊಟ್ಟ ವಿಶ್ವ ಬ್ಯಾಂಕಾ? ನಮ್ಮ ಓಣಿಯ ಈ ನೂರಿನ್ನೂರು ಮೀಟರ್ ಪೈಪಿಗೆ ಸಹಿ ಹಾಕುವವರು ಯಾರು?

ಕಿತ್ತೂರು ಚೆನ್ನ

ಅಕ್ಕಾರೆ, ನಮ್ಮೂರಲ್ಲಿ ನೀರಿಗೆ ಮಾಲೀಕರು ಬದಲಾದಷ್ಟು ಬಾಡಿಗೆ ಮನೆಗೂ ಬದಲಾಗಿಲ್ಲ. ಮೊದಲು ಪಾಲಿಕೆ. 2003ರಲ್ಲಿ ಸರ್ಕಾರ ಅದನ್ನು ಜಲಮಂಡಳಿಗೆ ಕೊಟ್ಟಿತು. ಈಗ ಗುತ್ತಿಗೆ ಕಂಪನಿ. ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ, ಅಷ್ಟೇ. ಸುಮ್ನೆ ಡ್ರಮ್ ಇಟ್ಟುಕೊಳ್ಳಿ.

ನಿವೃತ್ತ ಎಇ

ಡ್ರಮ್ ಇಟ್ಟುಕೊಳ್ಳಿ, ಬೇಡ ಅನ್ನಲ್ಲ. ಆದರೆ ಪ್ರಶ್ನೆ ಸರಿಯಾಗಿದೆ, ಉತ್ತರವೂ ಇದೆ. ನಾನು ನಿವೃತ್ತ ಸಹಾಯಕ ಎಂಜಿನಿಯರ್ (ಎಇ), 31 ವರ್ಷ ಬೇರೆ ಬೇರೆ ಜಿಲ್ಲೆಗಳಲ್ಲಿ ನೀರಿನ ಕೆಲಸವನ್ನೇ ಮಾಡಿದವನು. ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಅವಳಿ ನಗರಕ್ಕೆ ನೀರು ಎರಡು ಕಡೆಯಿಂದ. ಒಂದು ನೀರಸಾಗರ ಕೆರೆ, ಮಳೆ ಕೈಕೊಟ್ಟರೆ ಅದೂ ಕೈಕೊಡುತ್ತದೆ. ಇನ್ನೊಂದು ಸವದತ್ತಿ ಹತ್ತಿರದ ಮಲಪ್ರಭಾ ಅಣೆಕಟ್ಟು. ಆ ನೀರು ಅಮ್ಮಿನಭಾವಿಯಲ್ಲಿ ಶುದ್ಧವಾಗಿ ಬರುತ್ತದೆ. ಅಲ್ಲಿಂದ ಹೊರಡುವಾಗ ನೀರು ಚೆನ್ನಾಗಿಯೇ ಇರುತ್ತದೆ. ಕೆಡುವುದು ಓಣಿಯಲ್ಲಿ. ನಳ ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ. ಪಕ್ಕದಲ್ಲಿ ಗಟಾರ, ಪೈಪಿನಲ್ಲಿ ಸಣ್ಣ ಸೀಳು. ಹೊರಗಿನ ಹೊಲಸು ಒಳಗೆ ಹೋಗುತ್ತದೆ. ಮುಂದಿನ ಸಲ ನಳ ಬಂದಾಗ ಮೊದಲ ಕೊಡ ಕಂದು ಬಣ್ಣಕ್ಕೆ ಬರುತ್ತಿತ್ತಲ್ಲ, ಅದು ಇದೇ. ಅದಕ್ಕೇ ಜೋಡಣೆಯ ಪರೀಕ್ಷೆ ಅಷ್ಟು ಮುಖ್ಯ.

ಈಗ "ಮೇಲಿನವರು". 2016ರಲ್ಲಿ ವಿಶ್ವ ಬ್ಯಾಂಕ್ ಈ ಯೋಜನೆಗೆ 10 ಕೋಟಿ ಡಾಲರ್ ಸಾಲಕ್ಕೆ ಒಪ್ಪಿತು. ರಾಜ್ಯದ ಪರವಾಗಿ ಮೇಲ್ವಿಚಾರಣೆ ನೋಡುವುದು ಬೆಂಗಳೂರಿನಲ್ಲಿರುವ ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮ. ಬಾಯಲ್ಲಿ ಎಲ್ಲರೂ ಕೆಯುಐಡಿಎಫ್‌ಸಿ ಅನ್ನುತ್ತಾರೆ. ಆಸ್ತಿ ಮಾತ್ರ ಪಾಲಿಕೆಯದೇ. ಬ್ಯಾಂಕಿನವರು ಆಗಾಗ ಬಂದು ಪ್ರಗತಿ ನೋಡಿ ವರದಿ ಹಾಕುತ್ತಾರೆ, ಅದು ಅವರ ಜಾಲತಾಣದಲ್ಲೇ ಸಿಗುತ್ತದೆ. ಲೆಕ್ಕ ನೋಡಲು ಮಹಾಲೇಖಪಾಲರ ಆಡಿಟ್ ಇದೆ. ಟೆಂಡರಿಗೆ 1999ರ ಪಾರದರ್ಶಕ ಕಾಯ್ದೆ ಇದೆ. ಇಷ್ಟು ಜನ ಮೇಲಿನವರಿದ್ದರೂ ನಿಮ್ಮ ಓಣಿಯ ತಗ್ಗಿನ ಹತ್ತಿರ ನಿಲ್ಲುವವನು ಒಬ್ಬ ಸೈಟ್ ಎಂಜಿನಿಯರ್. ಅವನು ಅಳತೆ ಪುಸ್ತಕ, ಅಂದರೆ ಎಂಬಿ ಬರೆಯುತ್ತಾನೆ. ಬಿಲ್ ಆಗುವುದು ಅದರ ಮೇಲೆ. ಬೆಂಗಳೂರಿಗೆ ಹೋಗುವ ಕಾಗದವೆಲ್ಲ ಹುಟ್ಟುವುದು ಅಲ್ಲಿ.

ಪರೀಕ್ಷೆ ಹೀಗೆ. ಪೈಪಿನ ಎರಡೂ ತುದಿ ಮುಚ್ಚಿ, ನೀರು ತುಂಬಿ, ಒಳಗಿನ ಗಾಳಿ ಹೊರಗೆ ಬಿಡಬೇಕು. ಕೈ ಪಂಪಿನಿಂದ ಒತ್ತಡ ಏರಿಸಬೇಕು, ಸಾಮಾನ್ಯವಾಗಿ ದಿನಾ ನೀರು ಹರಿಯುವಾಗ ಪೈಪಿನಲ್ಲಿರುವ ಒತ್ತಡದ ಒಂದೂವರೆ ಪಟ್ಟು. ಆಮೇಲೆ ಒತ್ತಡ ತೋರಿಸುವ ಗೇಜಿನ ಮುಳ್ಳು ಇಳಿಯುತ್ತಾ ಅಂತ ನೋಡುತ್ತಾ ಕೂರಬೇಕು. ಬೇಸರದ ಕೆಲಸ. ಬಿಸಿಲಲ್ಲಿ ಯಾರೂ ಕೂರುವುದಿಲ್ಲ.

ಒಂದು ಊರಲ್ಲಿ, ಹೆಸರು ಬೇಡ, ನಾನು ಕೂತಿದ್ದೆ. ಮುಳ್ಳು ಒಂಬತ್ತು ಕೆಜಿ ಒತ್ತಡದಲ್ಲಿ ಕಲ್ಲಿನ ಹಾಗೆ ನಿಂತಿತ್ತು. ಅರ್ಧ ಗಂಟೆ ಆದರೂ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ನನಗೂ ಖುಷಿ, ಪೆನ್ನು ತೆಗೆದೆ. ಅಷ್ಟರಲ್ಲಿ ಪಂಪಿನ ಹುಡುಗ ಊಟದ ಹೊತ್ತಾಯಿತೆಂದು ವಾಲ್ವ್ ಬಿಚ್ಚಿ ನೀರೆಲ್ಲ ಬಿಟ್ಟ. ಪೈಪ್ ಖಾಲಿ. ಮುಳ್ಳು ಇನ್ನೂ ಒಂಬತ್ತರಲ್ಲೇ ಇತ್ತು! ಗೇಜು ಕೆಟ್ಟು ಎಷ್ಟು ದಿನವಾಗಿತ್ತೋ. ಅದೇ ಗೇಜಿನಲ್ಲಿ ಹಿಂದಿನ ಎಷ್ಟು ಓಣಿ ಪಾಸಾಗಿದ್ದವೋ. ಹಿಂದಿನವನ್ನೆಲ್ಲ ಮತ್ತೆ ಮಾಡಿಸಿದೆ. ಎರಡು ಕಡೆ ಜೋಡಣೆ ಸೋರುತ್ತಿತ್ತು. ಆ ತಿಂಗಳು ನನಗೆ ಬಂದಷ್ಟು ಫೋನು ಮಗಳ ಮದುವೆಯಲ್ಲೂ ಬರಲಿಲ್ಲ.

ಅದಕ್ಕೇ ಹೇಳುವುದು, "ಪರೀಕ್ಷೆ ಆಗಿದೆಯಾ" ಅಂತ ಕೇಳಬೇಡಿ. ಆಗಿದೆ ಅಂದುಬಿಡುತ್ತಾರೆ. ಯಾವ ದಿನ, ಶುರುವಿನಲ್ಲಿ ಒತ್ತಡ ಎಷ್ಟು, ಕೊನೆಯಲ್ಲಿ ಎಷ್ಟು, ಎಷ್ಟು ಹೊತ್ತು, ಯಾರ ಸಹಿ, ಗೇಜಿನ ತಪಾಸಣೆ ಪತ್ರ ಯಾವ ತಾರೀಖಿನದು ಅಂತ ಕೇಳಿ.

ಕೇಶ್ವಾಪುರ ಸೊಸೆ

ನಾನು 24 ತಾಸು ನೀರು ಮೊದಲು ಬಂದ ವಾರ್ಡಿನವಳು. 2008ರಲ್ಲಿ ಹುಬ್ಬಳ್ಳಿ–ಧಾರವಾಡದ 67 ವಾರ್ಡುಗಳಲ್ಲಿ 8ಕ್ಕೆ ಮಾತ್ರ ಕೊಟ್ಟು ನೋಡಿದರಲ್ಲ, ಅದು. ಬೆಳಗಾವಿ, ಕಲಬುರಗಿಯಲ್ಲೂ ಹಾಗೇ ಮಾಡಿದ್ದರು. ನಳ ತಿರುವಿದರೆ ನೀರು ಬರುತ್ತದೆ ಅಂತ ನಮ್ಮ ಅತ್ತೆ ಒಂದು ವರ್ಷ ನಂಬಲೇ ಇಲ್ಲ. ರಾತ್ರಿ ಎದ್ದು ನಳ ತಿರುವಿ ನೋಡಿ ಮಲಗುತ್ತಿದ್ದರು.

ಮೀಟರ್ ಬಂದ ಮೇಲೆ ಬಿಲ್ಲಿನ ಬಿಸಿ ತಟ್ಟಿತು, ಅದೂ ನಿಜ. ಆದರೆ ನೀರಿನ ಮಟ್ಟಿಗೆ ನನ್ನ ಮಾತು ಬೇಡ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಇಲ್ಲೇ ಬಂದು ಎರಡೂ ಕಡೆಯ ನೀರು ಪರೀಕ್ಷಿಸಿದ್ದರು. ಬಿಟ್ಟು ಬಿಟ್ಟು ಬರುವ ನೀರಲ್ಲಿ ಇ-ಕೊಲೈ (ಮಲದಿಂದ ಬರುವ ಬ್ಯಾಕ್ಟೀರಿಯಾ) ಜಾಸ್ತಿ, ನಮ್ಮ ಕಡೆ ತೀರಾ ಕಡಿಮೆ. ಹಾಗಂತ ಎಲ್ಲ ರೋಗವೂ ಹೋಗಲಿಲ್ಲ. ಮಕ್ಕಳ ಭೇದಿಯಲ್ಲಿ ಒಟ್ಟಾರೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಟೈಫಾಯ್ಡ್ ಮಾತ್ರ ಕಡಿಮೆ ಇತ್ತು.

ಹಳೇ ಓಣಿ

ಎಇ ಸರ್, ಗೇಜಿನ ಕಥೆ ಅವ್ವನಿಗೆ ಓದಿ ಹೇಳಿದೆ. "ಅಂವ ಊಟಕ್ಕ ಹೋಗದಿದ್ರ?" ಅಂದಳು.

ಇನ್ನೊಂದು ಕೇಳಬೇಕು. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ಸಚಿವ ಸಂಪುಟ ಒಪ್ಪಿತು. ನೀರು ಬರುವುದು ಮಾತ್ರ ಹುಬ್ಬಳ್ಳಿ, ಧಾರವಾಡ ಎರಡಕ್ಕೂ ಹೆಚ್ಚಾಗಿ ಅದೇ ಮಲಪ್ರಭೆಯಿಂದ. ಎರಡು ಪಾಲಿಕೆ ಆದರೆ ಯಾರ ಪಾಲು ಎಷ್ಟು?

ನಿವೃತ್ತ ಎಇ

ನಿಮ್ಮ ತಾಯಿಯನ್ನು ಇಲಾಖೆಗೆ ತೆಗೆದುಕೊಳ್ಳಬೇಕಿತ್ತು.

ಪಾಲಿನ ವಿಷಯ ಅಣ್ಣತಮ್ಮಂದಿರ ಬಾವಿಯ ಹಾಗೆ. ದೊಡ್ಡ ಪೈಪಿನ ಮೇಲೆ, ಊರಿನ ಗಡಿಯಲ್ಲಿ ದೊಡ್ಡ ಮೀಟರ್ ಇರಬೇಕು. ಅದರ ಲೆಕ್ಕ ಇಬ್ಬರಿಗೂ ಕಾಣಬೇಕು. ಮೀಟರ್ ಇಲ್ಲದೆ ಬರೆದ ಒಪ್ಪಂದ ಮೊದಲ ಬೇಸಿಗೆಗೇ ಹರಿಯುತ್ತದೆ.

ನಿಮ್ಮ ಕೆಲಸಕ್ಕೆ ಬರೋಣ. ಪಾಲಿಕೆಯ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಅದಕ್ಕೇ ಕಥೆ ಬರೆಯಬೇಡಿ. 30 ದಿನದೊಳಗೆ ಉತ್ತರ ಕೊಡಬೇಕು. ಎಂಬಿಯ ಆ ಪುಟ ಮತ್ತು ಒತ್ತಡ ಪರೀಕ್ಷೆಯ ವರದಿಯ ಪ್ರತಿ ಕೇಳಿ. ಜೊತೆಗೆ ಒಂದು ಸಣ್ಣ ಕೆಲಸ. ಹೊಸ ನಳದಲ್ಲಿ ನೀರು ಬಂದ ದಿನ, ರೋಗಾಣು ಕೊಲ್ಲಲು ಹಾಕಿದ ಕ್ಲೋರಿನ್ ಎಷ್ಟು ಉಳಿದಿದೆ ನೋಡಿಸಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಓಣಿಯ ಕೊನೆಯ ಮನೆಯಲ್ಲೇ ನೋಡಿಸಿ, ಮೊದಲ ಮನೆಯಲ್ಲಿ ಅಲ್ಲ.

ಹಳೇ ಓಣಿ

ಕೊನೆಯ ಮನೆ ನಮ್ಮದೇ ಸರ್. ಅರ್ಜಿ ಬರೆಯುತ್ತಾ ಕೂತಿದ್ದೇನೆ, 150 ಪದ ಅಂದರೆ ಎಷ್ಟು ಕಡಿಮೆ ಅಂತ ಈಗ ಗೊತ್ತಾಗುತ್ತಿದೆ. ಪೈಪ್ ಯಾವುದು ಅಂತ ಹೇಗೆ ಬರೆಯಲಿ? ನಮಗೆ ನಂಬರ್ ಏನೂ ಕೊಟ್ಟಿಲ್ಲವಲ್ಲ.

ನಿವೃತ್ತ ಎಇ

ಓಣಿಯ ಹೆಸರು, ಎರಡೂ ತುದಿಯ ಮನೆ ನಂಬರ್, ಅಗೆದ ತಿಂಗಳು. ಅಷ್ಟು ಸಾಕು. ಉಳಿದದ್ದು ಅವರು ಹುಡುಕಲಿ.