100 ಕೋಟಿ ವೋಲ್ಟ್ ತೋರಿಸಿದ ಕರೆಂಟ್ ಸೋರ್ಸ್: ನಮ್ಮ ಬ್ಯಾಚ್ ಗುಂಪಿನಲ್ಲಿ ನಡೆದ ಜಗಳ

ಸುರೇಶ: 📷 ಫೋಟೋ
ಮಗಳು ಕಳಿಸಿದ ಸ್ಕ್ರೀನ್‌ಶಾಟ್ ಇದು. ಸರ್ಕ್ಯೂಟ್ ಸಿಮ್ಯುಲೇಟರ್‌ನಲ್ಲಿ 1 ಮಿಲಿಆಂಪ್ ಕರೆಂಟ್ ಸೋರ್ಸ್ (ಯಾವಾಗಲೂ ಅಷ್ಟೇ ಕರೆಂಟ್ ಹರಿಸುವ ಮೂಲ) ಇಟ್ಟು, ಅದಕ್ಕೆ ಏನೂ ಜೋಡಿಸದೆ ರನ್ ಮಾಡಿದ್ದಾಳೆ. 100 ಕೋಟಿ ವೋಲ್ಟ್ ಬಂದಿದೆ. "ಅಪ್ಪಾ, ಈ ಕರೆಂಟ್ ಸೋರ್ಸ್ ಅನ್ನೋದು ನಿಜವಾಗಿ ಇದೆಯಾ, ಪುಸ್ತಕದಲ್ಲಿ ಮಾತ್ರನಾ?" ಅಂತ ಕೇಳುತ್ತಿದ್ದಾಳೆ. ನಾನು ಓದು ಮುಗಿಸಿದ್ದೇ ಸಾಫ್ಟ್‌ವೇರ್‌ಗೆ ಹೋದವನು. ಯಾರಾದರೂ ಕಾಪಾಡಿ.

ಮಂಜುನಾಥ: ಪುಸ್ತಕದಲ್ಲಿ ಮಾತ್ರ. ಮುಗೀತು.

ನಾಗರಾಜ: 100 ಕೋಟಿ ವೋಲ್ಟ್ ಅಂದರೆ ಸಿಡಿಲಿಗೂ ನಾಚಿಕೆ ಆಗಬೇಕು 😂

ಮಂಜುನಾಥ: ಸರಿ, ಬಿಡಿಸಿ ಹೇಳುತ್ತೇನೆ. ಆದರ್ಶ ಕರೆಂಟ್ ಸೋರ್ಸ್ ಅಂದರೆ ಎದುರಿಗೆ ಏನೇ ಇರಲಿ, ಅದೇ ಕರೆಂಟ್ ಹರಿಸಬೇಕು. ಎದುರಿಗೆ ಏನೂ ಇಲ್ಲ ಅಂದರೂ ಹರಿಸಬೇಕು. ಓಪನ್ ಬಿಟ್ಟರೆ ಅನಂತ ವೋಲ್ಟೇಜ್ ಬೇಕು. ಅದು ಆಗದ ಮಾತು. ಆ 100 ಕೋಟಿ ಕೂಡ ಸುಳ್ಳು, ಲೆಕ್ಕ ಕೆಟ್ಟುಹೋಗಬಾರದು ಅಂತ ಸಿಮ್ಯುಲೇಟರ್ ತಾನೇ ಗುಟ್ಟಾಗಿ 10 ಲಕ್ಷ ಮೆಗಾಓಮ್ ರೆಸಿಸ್ಟರ್ ಒಂದನ್ನು ಸೇರಿಸಿಕೊಂಡಿರುತ್ತದೆ, 1 ಮಿಲಿಆಂಪ್ ಅದರಲ್ಲೇ ಹರಿದು ಆ ನಂಬರ್ ಬಂದಿದೆ. ಪವರ್ ಲೆಕ್ಕ ಹಾಕಿ ನೋಡಿ, 10 ಲಕ್ಷ ವ್ಯಾಟ್! ಒಂದು ಮಿಲಿಆಂಪ್ ಸೋರ್ಸ್‌ನಿಂದ!

ಪ್ರಕಾಶ: ಮಂಜ, ನೀನು ಒಂದು ಸಲ ನಮ್ಮ ಸಬ್‌ಸ್ಟೇಷನ್‌ಗೆ ಬಾ. ಪುಸ್ತಕದಲ್ಲಿ ಇರೋದು ಹೊರಗೆ ಬಂದು ಹೇಗೆ ಕಚ್ಚುತ್ತದೆ ಅಂತ ತೋರಿಸುತ್ತೇನೆ.

ಪ್ರಕಾಶ: ಸಿಟಿ ಗೊತ್ತಲ್ವಾ, ಕರೆಂಟ್ ಟ್ರಾನ್ಸ್‌ಫಾರ್ಮರ್, ಲೈನಿನ ದೊಡ್ಡ ಕರೆಂಟನ್ನು ಮೀಟರ್ ಅಳೆಯುವಷ್ಟು ಚಿಕ್ಕದು ಮಾಡಿ ಕೊಡುವುದು. 400/5 ಸಿಟಿ ತಗೊಳ್ಳಿ. ಲೈನಿನಲ್ಲಿ 400 ಆಂಪ್ ಹೋಗುತ್ತಿದೆ. ಸೆಕೆಂಡರಿಯಲ್ಲಿ, ಅಂದರೆ ಮೀಟರ್ ಜೋಡಿಸುವ ಕಡೆ, ನೀನು ಒಂದು ಮೀಟರ್ ಹಾಕು, ಎರಡು ಹಾಕು, ನಡುವೆ ಉದ್ದ ವೈರ್ ಹಾಕು, ಅಲ್ಲಿ 5 ಆಂಪ್‌ ಬಂದೇ ಬರುತ್ತದೆ. ಯಾಕಂದರೆ ಆ 400 ಆಂಪ್‌ಗೆ ನಿನ್ನ ಮೀಟರ್ ಒಂದು ಲೆಕ್ಕವೇ ಅಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು ಶಾರ್ಟಿಂಗ್ ಲಿಂಕ್ (ಎರಡು ಟರ್ಮಿನಲ್ ನೇರವಾಗಿ ಸೇರಿಸುವ ತುಂಡು) ಹಾಕದೆ ಅಮ್ಮೀಟರ್ ಬಿಚ್ಚಿಬಿಟ್ಟರು. ಟರ್ಮಿನಲ್‌ನಲ್ಲಿ ನೀಲಿ ಬೆಂಕಿ, ಸಿಟಿ ಒಳಗಿಂದ ಗುಂಯ್ ಅಂತ ಸದ್ದು, ಇನ್ಸುಲೇಷನ್ ಸುಟ್ಟ ವಾಸನೆ. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಅವತ್ತಿಂದ ನನಗೆ ಕರೆಂಟ್ ಸೋರ್ಸ್ ಬರೀ ಕಲ್ಪನೆ ಅಂತ ಯಾರಾದರೂ ಹೇಳಿದರೆ ಕೈ ಬೆವರುತ್ತದೆ.

ಮಂಜುನಾಥ: ಕಥೆ ಚೆನ್ನಾಗಿದೆ. ಆದರೆ ವೋಲ್ಟೇಜ್ ಅನಂತ ಆಯ್ತಾ? ಸಿಟಿಯ ಕೋರ್ ಸ್ಯಾಚುರೇಟ್ ಆಯ್ತು, ಅಂದರೆ ಇನ್ನು ಹೆಚ್ಚು ಮ್ಯಾಗ್ನೆಟೈಸ್ ಆಗದ ಸ್ಥಿತಿಗೆ ಬಂತು, ವೋಲ್ಟೇಜ್ ಅಲ್ಲೇ ನಿಂತಿತು. ಲೈನ್ ಕರೆಂಟ್ ಪೂರ್ತಿ ಕೋರನ್ನು ಮ್ಯಾಗ್ನೆಟೈಸ್ ಮಾಡುವುದಕ್ಕೆ ಹೋಯಿತು. ಅಂದರೆ ಒಳಗೆ ಪ್ಯಾರಲಲ್ ಆಗಿ ಒಂದು ದಾರಿ ಇದೆ ಅಂತ ಆಯ್ತಲ್ಲ. ನೀನೇ ನನ್ನ ಕಡೆ ಸಾಕ್ಷಿ ಹೇಳಿದ ಹಾಗಾಯಿತು.

ಪ್ರಕಾಶ: ಸಾಕ್ಷಿ ಹೇಳುವುದಕ್ಕೆ ಬದುಕಿ ಉಳಿಯಬೇಕು ಮೊದಲು.

ಸುರೇಶ: ನನ್ನ ಹತ್ತಿರ ಒಂದು ಎಲ್‌ಇಡಿ ಡ್ರೈವರ್ ಇದೆ, ಅದರ ಮೇಲೇ "ಕಾನ್‌ಸ್ಟಂಟ್ ಕರೆಂಟ್ 350 ಮಿಲಿಆಂಪ್" ಅಂತ ಬರೆದಿದೆ. ಅದೂ ಸುಳ್ಳಾ?

ರೇವತಿ: ಅದರ ಕೆಳಗಿನ ಸಾಲನ್ನೂ ಓದು.

ಸುರೇಶ: 24ರಿಂದ 42 ವೋಲ್ಟ್.

ರೇವತಿ: ಹಾ, ಅದೇ. ಆ ಡಬ್ಬಿ ನಿಮ್ಮಿಬ್ಬರಿಗಿಂತ ಪ್ರಾಮಾಣಿಕ. "24ರಿಂದ 42ರ ಒಳಗೆ ನಾನು ಕರೆಂಟ್ ಸೋರ್ಸ್, ಆಚೆ ನನ್ನನ್ನು ಕೇಳಬೇಡಿ" ಅಂತ ಹೇಳುತ್ತಿದೆ. ನಾವು ಚಿಪ್ ಡಿಸೈನ್ ಮಾಡುವವರು ಇದಕ್ಕೆ ಕಂಪ್ಲಯನ್ಸ್ ಅನ್ನುತ್ತೇವೆ. ಆಮೇಲೆ ಮಂಜು, ನಿನಗೊಂದು ಪ್ರಶ್ನೆ. ಆದರ್ಶ ವೋಲ್ಟೇಜ್ ಸೋರ್ಸ್ ಇದೆಯಾ?

ಮಂಜುನಾಥ: ಅದೂ ಇಲ್ಲ. ಆದರೆ ಬ್ಯಾಟರಿ ಹತ್ತಿರ ಹತ್ತಿರ ಬರುತ್ತದೆ.

ರೇವತಿ: 1.5 ವೋಲ್ಟ್ ಸೆಲ್‌ನ ಒಳಗಿನ ರೆಸಿಸ್ಟೆನ್ಸ್ ಕಾಲು ಓಮ್ ಅಂತ ಇಟ್ಟುಕೋ. ಶಾರ್ಟ್ ಮಾಡಿದರೆ 6 ಆಂಪ್. ಅನಂತ ಎಲ್ಲಿ ಬಂತು? ಅದನ್ನು ಮಾತ್ರ "ಹತ್ತಿರ ಹತ್ತಿರ" ಅನ್ನುತ್ತೀಯ, ಇದನ್ನು "ಪುಸ್ತಕದಲ್ಲಿ ಮಾತ್ರ" ಅನ್ನುತ್ತೀಯ. ಸೆಲ್ ಅಂಗಡಿಯಲ್ಲಿ ಸಿಗುತ್ತದೆ, ಅದಕ್ಕೇ ನಿನಗೆ ಅದು ನಿಜ ಅನ್ನಿಸುತ್ತದೆ, ಅಷ್ಟೇ.

ಗೀತಾ: ಸುಮ್ನೆ ಓದುತ್ತಿದ್ದೆ, ಈಗ ಬಾಯಿ ಹಾಕದೆ ಇರಲಾರೆ. ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಇದೇ ಜಗಳ. ಮುಚ್ಚಿದ ಎರಡು ಪೆಟ್ಟಿಗೆ ಇವೆ ಅಂತ ಇಟ್ಟುಕೊಳ್ಳಿ. ಒಂದರಲ್ಲಿ 1000 ವೋಲ್ಟ್ ಸೋರ್ಸ್, ಸೀರೀಸ್‌ನಲ್ಲಿ 1 ಮೆಗಾಓಮ್. ಇನ್ನೊಂದರಲ್ಲಿ 1 ಮಿಲಿಆಂಪ್ ಸೋರ್ಸ್, ಪ್ಯಾರಲಲ್ ಆಗಿ 1 ಮೆಗಾಓಮ್. ಹೊರಗಿನ ಎರಡು ತಂತಿಯಲ್ಲಿ ಯಾವ ಮೀಟರ್ ಇಟ್ಟರೂ ಎರಡೂ ಒಂದೇ. 1926ರಲ್ಲಿ ಅಮೆರಿಕದ ಎಂಜಿನಿಯರ್ ನಾರ್ಟನ್, ಅದೇ ವರ್ಷ ಬೇರೆಯಾಗಿ ಜರ್ಮನಿಯ ಮೇಯರ್ ಹೇಳಿದ್ದು ಇದನ್ನೇ. ಹಾಗಿದ್ದಮೇಲೆ ಒಂದು ನಿಜ, ಇನ್ನೊಂದು ಕಲ್ಪನೆ ಅಂತ ಹೇಗೆ ಹೇಳುತ್ತೀರಿ?

ಮಂಜುನಾಥ: ಪೆಟ್ಟಿಗೆ ಮುಟ್ಟಿ ನೋಡುತ್ತೇನೆ ಮೇಡಂ. ಏನೂ ಜೋಡಿಸದೆ ಇಟ್ಟರೆ ನಿನ್ನ ಎರಡನೇ ಪೆಟ್ಟಿಗೆ ಒಳಗೆ 1 ವ್ಯಾಟ್ ಸುಡುತ್ತಾ ಬೆಚ್ಚಗಿರುತ್ತದೆ. ಮೊದಲನೆಯದು ತಣ್ಣಗಿರುತ್ತದೆ. ನಾನು ಕಂಡ ಸೆಲ್‌ಗಳೆಲ್ಲ ತಣ್ಣಗೇ ಇವೆ. ಆದ್ದರಿಂದ ವೋಲ್ಟೇಜ್ ಸೋರ್ಸೇ ನಿಜ. 😎

ಗೀತಾ: ಶಾರ್ಟ್ ಮಾಡಿ ಮುಟ್ಟು ಈಗ.

ಮಂಜುನಾಥ: ...

ಗೀತಾ: ಮೊದಲನೆಯದು 1 ವ್ಯಾಟ್ ಸುಡುತ್ತದೆ, ಎರಡನೆಯದು ತಣ್ಣಗೆ. ವೋಲ್ಟೇಜ್ ಸೋರ್ಸ್ ಮಲಗುವುದು ಓಪನ್ ಇದ್ದಾಗ. ಕರೆಂಟ್ ಸೋರ್ಸ್ ಮಲಗುವುದು ಶಾರ್ಟ್ ಇದ್ದಾಗ. ಪ್ರಕಾಶ ಸಿಟಿಗೆ ಶಾರ್ಟಿಂಗ್ ಲಿಂಕ್ ಹಾಕಬೇಕಿತ್ತು ಅಂದನಲ್ಲ, ಅದು ಅದನ್ನು ಮಲಗಿಸುವ ಕೆಲಸ. ನಾವು ಸ್ವಿಚ್ ಆಫ್ ಅಂದರೆ ತಂತಿ ಬಿಡಿಸುವುದು ಅಂತ ಕಲಿತಿದ್ದೇವೆ, ಅದಕ್ಕೇ ಇದು ವಿಚಿತ್ರವಾಗಿ ಕಾಣುತ್ತದೆ.

ಪ್ರಕಾಶ: ಇದು ಮಾತು! 👏👏

ನಾಗರಾಜ: ಹಾಗಾದರೆ ಶಾರ್ಟ್ ಮಾಡಿ ಡ್ರಾಯರ್‌ನಲ್ಲಿ ಇಡುವ ಕರೆಂಟ್ ಸೋರ್ಸ್ ಯಾವುದಾದರೂ ಇದೆಯಾ? ತಮಾಷೆಗೆ ಕೇಳಿದೆ.

ರೇವತಿ: ತಮಾಷೆ ಅಲ್ಲ, ಇದೆ. ಎಂಆರ್‌ಐ ಮೆಷಿನ್‌ನ ಸೂಪರ್‌ಕಂಡಕ್ಟಿಂಗ್ ಕಾಯಿಲ್. ಕರೆಂಟ್ ತುಂಬಿಸಿ, ಎರಡು ತುದಿ ಶಾರ್ಟ್ ಮಾಡಿ, ಪವರ್ ಸಪ್ಲೈ ತೆಗೆದುಬಿಡುತ್ತಾರೆ. ತಣ್ಣಗೆ ಇಟ್ಟಿರುವ ತನಕ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ.

ಮಂಜುನಾಥ: ಅದರಿಂದ ಲೋಡ್‌ಗೆ ಕೊಡು ನೋಡೋಣ. ಕೊಟ್ಟ ಕ್ಷಣದಿಂದ ಕರೆಂಟ್ ಇಳಿಯುತ್ತದೆ. ಅದು ಇಂಡಕ್ಟರ್ ಅಷ್ಟೇ. ಚಾರ್ಜ್ ಮಾಡಿಟ್ಟ ಕೆಪ್ಯಾಸಿಟರನ್ನು ವೋಲ್ಟೇಜ್ ಸೋರ್ಸ್ ಅಂತ ಕರೆದ ಹಾಗೆ.

ರೇವತಿ: ಇದು ಒಪ್ಪಿದೆ. ಕೊಡುವ ಕೈ ಅಲ್ಲ, ಬರೀ ಕೂಡಿಟ್ಟ ಗಂಟು.

ಗೀತಾ: ವ್ಯಾನ್ ಡಿ ಗ್ರಾಫ್ ಜನರೇಟರ್ ಮರೆತಿರಾ? ಬೆಲ್ಟ್ ಸೆಕೆಂಡಿಗೆ ಇಷ್ಟು ಚಾರ್ಜ್ ಅಂತ ಮೇಲಕ್ಕೆ ಹೊತ್ತು ಹಾಕುತ್ತಲೇ ಇರುತ್ತದೆ, ಮೇಲೆ ಎಷ್ಟು ವೋಲ್ಟ್ ಇದೆ ಅಂತ ಹೆಚ್ಚುಕಮ್ಮಿ ಕೇಳುವುದೇ ಇಲ್ಲ. ಓಪನ್ ಬಿಟ್ಟರೆ ವೋಲ್ಟೇಜ್ ಏರುತ್ತಾ ಏರುತ್ತಾ ಹೋಗಿ ಕೊನೆಗೆ ಗಾಳಿಯೇ ಸೋತು ಕಿಡಿ ಹಾರುತ್ತದೆ. ಸುರೇಶನ ಮಗಳ ಸ್ಕ್ರೀನ್‌ಶಾಟ್‌ನ ನಿಜರೂಪ ಅದೇ. ಸಿಮ್ಯುಲೇಟರ್‌ನಲ್ಲಿ ಗಾಳಿ ಇಲ್ಲ, ಅದಕ್ಕೇ 100 ಕೋಟಿ.

ಮಂಜುನಾಥ: ನೋಡಿ, ಎಲ್ಲರೂ ಸೇರಿ ನನ್ನ ಮಾತನ್ನೇ ಹೇಳುತ್ತಿದ್ದೀರಿ. ಎಲ್ಲಾದರೂ ಒಂದು ಕಡೆ ಸೋಲುತ್ತದೆ. ಒಳಗಿನ ರೆಸಿಸ್ಟೆನ್ಸ್ ಅನಂತ ಇರಬೇಕು, ಅದು ಯಾವ ವಸ್ತುವಿನಲ್ಲೂ ಇಲ್ಲ. ಆದ್ದರಿಂದ ಆದರ್ಶ ಸೋರ್ಸ್ ಇಲ್ಲ.

ರೇವತಿ: ಇಲ್ಲೇ ನೀನು ತಪ್ಪುತ್ತಿರೋದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಬೇಡಿ.

ರೇವತಿ: ಒಂದು ಟ್ರಾನ್ಸಿಸ್ಟರ್ ತಗೊಳ್ಳಿ. ಅರ್ಲಿ ವೋಲ್ಟೇಜ್ (ವೋಲ್ಟೇಜ್ ಬದಲಾದರೆ ಅದರ ಕರೆಂಟ್ ಎಷ್ಟು ಅಲುಗುತ್ತದೆ ಅಂತ ಹೇಳುವ ಅಳತೆ) 100 ವೋಲ್ಟ್, ಕರೆಂಟ್ 1 ಮಿಲಿಆಂಪ್. ಔಟ್‌ಪುಟ್ ರೆಸಿಸ್ಟೆನ್ಸ್ (ಮಂಜು ಹೇಳಿದ ಒಳಗಿನ ರೆಸಿಸ್ಟೆನ್ಸ್) 100 ಕಿಲೋಓಮ್, ಅಂದರೆ 1 ವೋಲ್ಟ್ ಹೆಚ್ಚಾದರೆ ಕರೆಂಟ್ ನೂರಕ್ಕೆ ಒಂದು ಭಾಗ ಜಾಸ್ತಿ ಆಗುತ್ತದೆ. ಸಾಲದು ಅಂದರೆ ಅದರ ಮೇಲೆ ಇನ್ನೊಂದು ಟ್ರಾನ್ಸಿಸ್ಟರ್ ಕೂರಿಸಿ (ಇದಕ್ಕೆ ಕ್ಯಾಸ್ಕೋಡ್ ಅನ್ನುತ್ತೇವೆ), ಮೆಗಾಓಮ್‌ಗಳಿಗೆ ಹೋಗುತ್ತದೆ. ಇಲ್ಲಿಯ ತನಕ ಮಂಜು ಹೇಳೋದು ಸರಿ, ದೊಡ್ಡದು ಆದರೂ ಅನಂತ ಅಲ್ಲ. ಈಗ ಹೌಲ್ಯಾಂಡ್ ಪಂಪ್ ಅನ್ನೋ ಕರೆಂಟ್ ಸೋರ್ಸ್ ಸರ್ಕ್ಯೂಟ್ ನೋಡಿ. ಒಂದು ಆಪ್‌ಆಂಪ್ (ಆಂಪ್ಲಿಫೈಯರ್ ಚಿಪ್), ನಾಲ್ಕು ರೆಸಿಸ್ಟರ್. ಎರಡು ಜೋಡಿಯ ಅನುಪಾತ ಸರಿಯಾಗಿ ಹೊಂದಿದರೆ ಔಟ್‌ಪುಟ್ ರೆಸಿಸ್ಟೆನ್ಸ್ ಅನಂತ. ಹೊಂದದಿದ್ದರೆ? ಒಂದು ಕಡೆ ತಪ್ಪಿದರೆ ದೊಡ್ಡ ನಂಬರ್. ಇನ್ನೊಂದು ಕಡೆ ತಪ್ಪಿದರೆ ನೆಗೆಟಿವ್! ನಾನು ಒಂದು ಟ್ರಿಮ್‌ಪಾಟ್ (ಸ್ಕ್ರೂ ತಿರುಗಿಸಿ ಬದಲಾಯಿಸುವ ರೆಸಿಸ್ಟರ್) ಹಾಕಿ ಬೆಂಚ್ ಮೇಲೆ ತಿರುಗಿಸಿ ನೋಡಿದ್ದೇನೆ. ಮೊದಲು ಲೋಡ್ ರೆಸಿಸ್ಟರ್ ದೊಡ್ಡದು ಮಾಡಿದರೆ ಕರೆಂಟ್ ಚೂರು ಇಳಿಯುತ್ತಿತ್ತು. ತಿರುಗಿಸುತ್ತಾ ಹೋದೆ, ಇಳಿಯೋದು ನಿಂತಿತು. ಇನ್ನೂ ತಿರುಗಿಸಿದೆ, ಲೋಡ್ ದೊಡ್ಡದಾದರೆ ಕರೆಂಟ್ ಏರುವುದಕ್ಕೆ ಶುರುವಾಯಿತು. ಆ ಸ್ಕ್ರೂ ನಡುವೆ ಎಲ್ಲೋ ಅನಂತವನ್ನು ದಾಟಿ ಹೋಗಿದೆ. ಅಂದರೆ ಅನಂತ ರೆಸಿಸ್ಟೆನ್ಸ್ ಅನ್ನೋದು ಮುಟ್ಟಲಾರದ ಜಾಗ ಅಲ್ಲ ಮಂಜು, ದಾರಿಯಲ್ಲಿ ಸಿಗುವ ಒಂದು ಗೆರೆ. ಮುಟ್ಟಲಾರದ್ದು ಅನಂತ ವೋಲ್ಟೇಜ್. ಆಪ್‌ಆಂಪ್‌ಗೆ 15 ವೋಲ್ಟ್ ಸಪ್ಲೈ ಕೊಟ್ಟಿದ್ದರೆ ಅದನ್ನು ಮೀರಿ ಎಲ್ಲಿಗೂ ಹೋಗಲ್ಲ. ನೀನು ಇವೆರಡನ್ನೂ ಒಂದೇ ಗಂಟು ಮಾಡಿದ್ದೀಯ.

ಮಂಜುನಾಥ: ಆ ಸ್ಕ್ರೂ ಅಲ್ಲೇ ನಿಲ್ಲುತ್ತದಾ? ಸ್ವಲ್ಪ ಬಿಸಿ ಆದರೆ ರೆಸಿಸ್ಟರ್ ಬದಲಾಗುತ್ತದೆ.

ರೇವತಿ: ನಿಲ್ಲಲ್ಲ. ಅದು ಬೇರೆ ಕಷ್ಟ. ಇನ್ನೂ ಒಂದು ಇದೆ, ನಾನೇ ಹೇಳಿಬಿಡುತ್ತೇನೆ. ಎಲ್ಲ ಡಿಸಿಯಲ್ಲಿ ಮಾತ್ರ. ಔಟ್‌ಪುಟ್ ತಂತಿಯ ಮೇಲೆ ಎಲ್ಲಿಂದಲೋ ಬಂದು ಕೂರುವ 10 ಪಿಕೋಫ್ಯಾರಡ್ ಕೆಪ್ಯಾಸಿಟೆನ್ಸ್ ಇರುತ್ತದಲ್ಲ, 1 ಮೆಗಾಹರ್ಟ್ಜ್‌ನಲ್ಲಿ ಅದು ಸುಮಾರು 16 ಕಿಲೋಓಮ್. ಡಿಸಿಯಲ್ಲಿ ಹುಲಿ, ಮೆಗಾಹರ್ಟ್ಜ್‌ನಲ್ಲಿ ಇಲಿ.

ನಾಗರಾಜ: ಇದನ್ನು ಸ್ಟೇಟಸ್ ಹಾಕಿಕೊಳ್ಳುತ್ತೇನೆ

ಗೀತಾ: ಇನ್ನೂ ಚಂದದ್ದು ಇದೆ. ಎಲೆಕ್ಟ್ರಾನ್‌ಗಳನ್ನು ಒಂದೊಂದಾಗಿ ದಾಟಿಸುವ ಪಂಪ್‌ಗಳಿವೆ. 2019ರಿಂದ ಆಂಪಿಯರ್ ವ್ಯಾಖ್ಯೆಯೇ ಎಲೆಕ್ಟ್ರಾನ್ ಚಾರ್ಜ್ ಮೇಲೆ ನಿಂತಿದೆ, ಅದಕ್ಕೆ ಇವುಗಳ ಮೇಲೆ ಅಷ್ಟು ಆಸೆ. ಸೆಕೆಂಡಿಗೆ 100 ಕೋಟಿ ಸಲ ಒಂದೊಂದು ಎಲೆಕ್ಟ್ರಾನ್ ತಳ್ಳಿದರೆ 160 ಪಿಕೋಆಂಪ್. ವೋಲ್ಟೇಜ್ ಚೂರು ಆಚೀಚೆ ಆದರೂ ಎಣಿಕೆ ಬದಲಾಗಲ್ಲ.

ಪ್ರಕಾಶ: 160 ಪಿಕೋಆಂಪ್! ನನ್ನ ರಿಲೇ ನಗುತ್ತದೆ.

ಮಂಜುನಾಥ: "ಚೂರು ಆಚೀಚೆ" ಅಂದಿದ್ದನ್ನು ಎಲ್ಲರೂ ಗಮನಿಸಬೇಕು.

ರೇವತಿ: ಆಯ್ತಪ್ಪಾ. ಕರೆಂಟ್ ಸೋರ್ಸ್ ಇದೆ, ಒಂದು ವ್ಯಾಪ್ತಿಯೊಳಗೆ. ಎಷ್ಟೇ ವೋಲ್ಟೇಜ್ ಆದರೂ ಅದೇ ಕರೆಂಟ್ ಬೇಕು ಅಂದರೆ ಇಲ್ಲ. ಈಗ ಒಪ್ಪಿದೆಯಾ?

ಮಂಜುನಾಥ: "ಆದರ್ಶ" ಅನ್ನೋ ಪದ ತೆಗೆದರೆ ಒಪ್ಪಿದೆ. ಆ ಸ್ಕ್ರೂ ವಿಷಯ ಮಾತ್ರ ನನ್ನ ತಲೆ ಕೆಡಿಸಿದೆ, ನಾಳೆ ಮಾಡಿ ನೋಡುತ್ತೇನೆ.

ಸುರೇಶ: ಗೆಳೆಯರೇ, ಮಗಳಿಗೆ ಏನು ಹೇಳಲಿ? ಒಂದು ಸಾಲಿನಲ್ಲಿ.

ಗೀತಾ: ಏನೂ ಹೇಳಬೇಡ. ಆ ಸೋರ್ಸ್‌ಗೆ 1 ಕಿಲೋಓಮ್ ಹಾಕಿ ನೋಡು, ಆಮೇಲೆ ಬರೀ ತಂತಿ ಹಾಕಿ ನೋಡು ಅನ್ನು.

ಸುರೇಶ: ಮಾಡಿದಳು. 1 ವೋಲ್ಟ್ ಬಂತು. ತಂತಿ ಹಾಕಿದರೆ 0. ಅಷ್ಟಕ್ಕೆ ಬಿಡಲಿಲ್ಲ, ಈಗ ವೋಲ್ಟೇಜ್ ಸೋರ್ಸ್‌ಗೆ ಬರೀ ತಂತಿ ಹಾಕಿದ್ದಾಳೆ. ಸಿಮ್ಯುಲೇಟರ್ ರನ್ ಆಗಲ್ಲ ಅಂತ ಎರರ್ ಕೊಟ್ಟು ಕೂತಿದೆ. "ಅಪ್ಪಾ, ಹಾಗಾದರೆ ಇದೂ ಪುಸ್ತಕದಲ್ಲಿ ಮಾತ್ರನಾ?" ಅಂತಿದ್ದಾಳೆ.

ರೇವತಿ: @ಮಂಜುನಾಥ ಉತ್ತರ ಕೊಡಪ್ಪಾ 😄

ಮಂಜುನಾಥ: ಅವಳನ್ನು ಈ ಗುಂಪಿಗೆ ಸೇರಿಸಿ, ನನ್ನನ್ನು ತೆಗೆಯಿರಿ.