ಕ್ರೂಸ್ ಹಡಗಿನ ಡೈನಿಂಗ್ ರೂಮಿಗೆ ಚಡ್ಡಿ ಹಾಕಿಕೊಂಡು ಹೋದರೆ ಒಳಗೆ ಬಿಡುವುದಿಲ್ಲವಾ?

ಕಡಲಕಿಟಕಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾವು ಮನೆಮಂದಿಯೆಲ್ಲ ಏಳು ರಾತ್ರಿಯ ಕ್ರೂಸ್‌ಗೆ ಹೊರಟಿದ್ದೇವೆ. ಎಲ್ಲರಿಗೂ ಇದು ಮೊದಲ ಸಲ. ಬುಕಿಂಗ್ ಜೊತೆ ಬಂದ ಕಾಗದದಲ್ಲಿ ಎರಡು ರಾತ್ರಿ ಫಾರ್ಮಲ್ (ಕೋಟು ಟೈ ತರಹದ್ದು), ಉಳಿದ ರಾತ್ರಿ ಸ್ಮಾರ್ಟ್ ಕ್ಯಾಶುವಲ್ (ಸರಳ, ಆದರೆ ಒಪ್ಪವಾದ ಬಟ್ಟೆ) ಅಂತ ಬರೆದಿದೆ. ಅದನ್ನು ಓದಿದಾಗಿನಿಂದ ಮನೆಯಲ್ಲಿ ಇದೇ ಚರ್ಚೆ.

ನಮ್ಮ ಮಾವನವರಿಗೆ ಎಪ್ಪತ್ತು ದಾಟಿದೆ. "ಇಡೀ ಜೀವನ ಆಫೀಸಿಗೆ ಟೈ ಕಟ್ಟಿಕೊಂಡು ಹೋಗಿದ್ದೇನೆ, ದುಡ್ಡು ಕೊಟ್ಟು ರಜೆಗೆ ಹೋಗಿ ಅಲ್ಲೂ ಕಟ್ಟಬೇಕಾ" ಅನ್ನುತ್ತಾರೆ. ಅತ್ತೆಗೆ ಚೆನ್ನಾಗಿ ಡ್ರೆಸ್ ಮಾಡಿಕೊಂಡು ಎಲ್ಲರ ಜೊತೆ ಕೂತು ಊಟ ಮಾಡುವ ಆಸೆ, ಆದರೆ ಬಾಯಿಬಿಟ್ಟು ಹೇಳುವುದಿಲ್ಲ. ಮಗನಿಗೆ ಹದಿನೈದು, ಅವನ ಬೀರುವಿನಲ್ಲಿ ಇರುವುದೇ ಚಡ್ಡಿ ಮತ್ತು ಟೀ ಶರ್ಟ್. ನಮ್ಮ ಯಜಮಾನರು "ನೀನೇ ಯಾರನ್ನಾದರೂ ಕೇಳು" ಅಂತ ಕೈ ತೊಳೆದುಕೊಂಡರು.

ಈ ನಿಯಮವನ್ನು ನಿಜವಾಗಿಯೂ ಪಾಲಿಸುತ್ತಾರಾ, ಅಥವಾ ಸುಮ್ನೆ ಕಾಗದದ ಮೇಲಿರುವುದಾ? ಬಾಗಿಲಲ್ಲಿ ನಿಲ್ಲಿಸಿ ವಾಪಸ್ ಕಳಿಸಿಬಿಟ್ಟರೆ ಮಾವನವರಿಗೆ ಅವಮಾನ ಆಗುತ್ತದೆ, ಅದೇ ನನಗೆ ಭಯ. ಹೋಗಿಬಂದವರು ದಯವಿಟ್ಟು ಹೇಳಿ.

---

ಅಲೆಮಾರಿ_ಹಕ್ಕಿ:

ಮೇಡಂ, ಯಾವ ಕಂಪನಿ ಅಂತ ನೀವು ಬರೆದಿಲ್ಲ. ಎಲ್ಲಾ ಅದರ ಮೇಲೇ ನಿಂತಿದೆ. ಕ್ರೂಸ್ ಅಂದರೆ ಎಲ್ಲಾ ಕಡೆ ಒಂದೇ ನಿಯಮ ಅಂದುಕೊಳ್ಳಬೇಡಿ.

ಒಂದು ತುದಿಯಲ್ಲಿ ಕ್ಯುನಾರ್ಡ್ ಕಂಪನಿ ಇದೆ. ಅವರ ಕ್ವೀನ್ ಮೇರಿ 2 ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಏಳು ರಾತ್ರಿ ತೆಗೆದುಕೊಳ್ಳುತ್ತದೆ, ಅದರಲ್ಲಿ ಸಾಮಾನ್ಯವಾಗಿ ಎರಡು ಗಾಲಾ ಸಂಜೆ. ಆ ದಿನ ಗಂಡಸರು ಟಕ್ಸೀಡೊ ಅಥವಾ ಗಾಢ ಬಣ್ಣದ ಸೂಟು, ಜೊತೆಗೆ ಟೈ ಅಥವಾ ಬೋ ಟೈ ಹಾಕಬೇಕು. ಉಳಿದ ದಿನವೂ ಸಂಜೆ 6 ಆದಮೇಲೆ ಒಪ್ಪವಾಗಿ ಇರಬೇಕು. ಇಲ್ಲಿ ಗಮನಿಸಬೇಕಾದ್ದು ಏನೆಂದರೆ ಈ ನಿಯಮ ಊಟದ ಕೋಣೆಗೆ ಮಾತ್ರ ಅಲ್ಲ, ಹಡಗಿನ ಹೆಚ್ಚಿನ ಬಾರು ಮತ್ತು ಲೌಂಜುಗಳಿಗೂ ಅನ್ವಯ. ಕ್ಯಾಶುವಲ್ ಬಟ್ಟೆಯಲ್ಲಿ ಇರಬೇಕು ಅಂದರೆ ಕಿಂಗ್ಸ್ ಕೋರ್ಟ್ ಬುಫೆ, ಗೋಲ್ಡನ್ ಲಯನ್ ಪಬ್ ಇಂಥ ಕೆಲವೇ ಜಾಗ.

ಇನ್ನೊಂದು ತುದಿಯಲ್ಲಿ ನಾರ್ವೇಜಿಯನ್ ಕಂಪನಿ. ಅವರು 2000ದಲ್ಲೇ ಫ್ರೀಸ್ಟೈಲ್ ಅಂತ ಶುರು ಮಾಡಿದರು, ಕಡ್ಡಾಯದ ಫಾರ್ಮಲ್ ರಾತ್ರಿ ಅಂತಲೇ ಇಲ್ಲ. ಸೆಲೆಬ್ರಿಟಿ ಅನ್ನುವ ಕಂಪನಿಯವರು 2015ರ ಕೊನೆಯಲ್ಲಿ ಫಾರ್ಮಲ್ ನೈಟ್ ಎತ್ತಿಹಾಕಿ ಅದರ ಬದಲು ಈವನಿಂಗ್ ಶಿಕ್ ತಂದರು, ಅದರಲ್ಲಿ ಕೋಟು ಹಾಕಿದರೂ ಸರಿ, ಬಿಟ್ಟರೂ ಸರಿ. ವೈಕಿಂಗ್, ಓಷಿಯಾನಿಯಾ ದುಬಾರಿ ಹಡಗುಗಳೇ, ಆದರೂ ಅಲ್ಲಿ ಟೈ ಕೇಳುವುದಿಲ್ಲ. ಅಂದರೆ ದುಡ್ಡು ಜಾಸ್ತಿ ಇದ್ದ ಕಡೆ ನಿಯಮವೂ ಜಾಸ್ತಿ ಅಂತೇನೂ ಇಲ್ಲ.

ನಡುವೆ ಕಾರ್ನಿವಲ್ ತರಹದವರು. ಎರಡರಿಂದ ಐದು ದಿನದ ಪ್ರಯಾಣದಲ್ಲಿ ಒಂದು ಎಲಿಗಂಟ್ ರಾತ್ರಿ, ಅಂದರೆ ಚೆನ್ನಾಗಿ ಡ್ರೆಸ್ ಮಾಡಿಕೊಳ್ಳುವ ರಾತ್ರಿ, ಆರು ದಿನ ಅಥವಾ ಅದಕ್ಕಿಂತ ಹೆಚ್ಚಾದರೆ ಎರಡು. ಉಳಿದ ರಾತ್ರಿ ಅಚ್ಚುಕಟ್ಟಾದ, ಮೊಣಕಾಲುದ್ದದ ಚಡ್ಡಿಗೂ ಅವಕಾಶ ಇದೆ. ಆದರೆ ಜಿಮ್ ಚಡ್ಡಿ, ಗಂಡಸರ ತೋಳಿಲ್ಲದ ಶರ್ಟು, ಈಜುಡುಗೆ, ಹವಾಯಿ ಚಪ್ಪಲಿ ಇವು ಡೈನಿಂಗ್ ರೂಮಿಗೆ ಬೇಡ ಅಂತ ಸ್ಪಷ್ಟವಾಗಿ ಹೇಳುತ್ತಾರೆ.

ನಿಮ್ಮ ಕಂಪನಿಯ ಸೈಟಿಗೆ ಹೋಗಿ ಈಗಿನ ನಿಯಮ ಓದಿ. ಹಳೆಯ ವಿಡಿಯೋ ನೋಡಿ ಬಟ್ಟೆ ತುಂಬಬೇಡಿ. ಈ ನಿಯಮಗಳು ಬದಲಾಗುತ್ತಾ ಇರುತ್ತವೆ.

---

ಬರಿಗಾಲು:

ನಾನು ನಿಮ್ಮ ಮಾವನವರ ಕಡೆ.

ಈ ಕೋಟು ಟೈ ಪದ್ಧತಿ ಎಲ್ಲಿಂದ ಬಂತು ಅಂತ ನೋಡಿ. ಹಿಂದೆ ಅಟ್ಲಾಂಟಿಕ್ ದಾಟುತ್ತಿದ್ದ ಹಡಗುಗಳಲ್ಲಿ ಜನರನ್ನು ದರ್ಜೆ ಪ್ರಕಾರ ಬೇರೆ ಬೇರೆ ಇಡುತ್ತಿದ್ದರು. 1912ರ ಟೈಟಾನಿಕ್‌ನಲ್ಲೂ ಒಂದೊಂದು ದರ್ಜೆಗೆ ಒಂದೊಂದು ಊಟದ ಕೋಣೆ. ಮೊದಲ ದರ್ಜೆಯವರು ಡಿನ್ನರ್‌ಗೆ ಡ್ರೆಸ್ ಮಾಡಿಕೊಂಡು ಇಳಿಯುವುದು ಅಂದರೆ ನಾವು ಯಾರು ಅಂತ ತೋರಿಸುವುದೂ ಹೌದು. 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟುವುದಕ್ಕೆ ಶುರುವಾದವು, ಆಮೇಲೆ ಆಚೆ ದಡ ಸೇರಬೇಕು ಅಂತ ಹಡಗು ಹತ್ತುವವರು ಕಡಿಮೆಯಾಗುತ್ತಾ ಹೋದರು. ಹಡಗು ರಜೆ ಕಳೆಯುವ ಜಾಗ ಆಯಿತು. ಕಾರ್ನಿವಲ್ 1972ರಲ್ಲಿ ಶುರುವಾಗಿ ಮಜಾ ಮಾಡುವ ಹಡಗು ಅಂತಲೇ ಪ್ರಚಾರ ಮಾಡಿತು. ಕಾರಣ ಹೋದಮೇಲೂ ಟೈ ಮಾತ್ರ ಉಳಿದುಕೊಂಡಿದೆ.

ಇನ್ನು ಲಗೇಜು. ವಿಮಾನದಲ್ಲಿ ಬಂದು ಹಡಗು ಹತ್ತುವವರಿಗೆ ಒಂದೊಂದು ಕೇಜಿಯೂ ಲೆಕ್ಕ. ಒಂದು ಸೂಟು, ಅದಕ್ಕೆ ಒಪ್ಪುವ ಶೂ, ಬೆಲ್ಟು, ಶರ್ಟು, ಇಷ್ಟೆಲ್ಲ ಎರಡು ಸಂಜೆಗೋಸ್ಕರ ಹೊರಬೇಕು. ಸೂಟೇ ಇಲ್ಲದವರು ಇದಕ್ಕಾಗಿಯೇ ಹೊಲಿಸಬೇಕಾ? ಟಿಕೆಟ್ ದುಡ್ಡಿನಲ್ಲಿ ಊಟವೂ ಸೇರಿದೆ. ಎಪ್ಪತ್ತು ದಾಟಿದ ಹಿರಿಯರು ಶುಭ್ರವಾದ ಅರ್ಧ ತೋಳಿನ ಶರ್ಟು ಹಾಕಿಕೊಂಡು ಮರ್ಯಾದೆಯಾಗಿ ಊಟಕ್ಕೆ ಬಂದರೆ ಪಕ್ಕದ ಟೇಬಲ್‌ನವರಿಗೆ ಏನು ತೊಂದರೆ, ಹೇಳಿ. ಊಟದ ರುಚಿ ಕೆಡುತ್ತದಾ?

---

ಹಳೆ_ವೇಟರ್:

ನಾನು ಹಡಗಿನ ಡೈನಿಂಗ್ ರೂಮಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವನು. ಈಗ ನೆಲದ ಮೇಲಿದ್ದೇನೆ. ಒಳಗಿನಿಂದ ನೋಡಿದ್ದನ್ನು ಹೇಳುತ್ತೇನೆ, ಸ್ವಲ್ಪ ಉದ್ದವಾಗಬಹುದು.

ಮೊದಲು ಮೇಡಂ ಕೇಳಿದ್ದಕ್ಕೆ ಉತ್ತರ. ಬಾಗಿಲಲ್ಲಿ ಹೆಡ್ ವೇಟರ್ ಅಥವಾ ಅವರ ಸಹಾಯಕರು ನಿಂತಿರುತ್ತಾರೆ. ಅವರ ಕಣ್ಣು ಮೊದಲು ಹೋಗುವುದು ಕಾಲಿಗೆ, ಆಮೇಲೆ ಮೊಣಕಾಲಿಗೆ, ಆಮೇಲೆ ತೋಳಿಗೆ, ಕೊನೆಗೆ ತಲೆ ಮೇಲಿನ ಟೋಪಿಗೆ. ಟೈ ಇಲ್ಲ ಅನ್ನುವ ಕಾರಣಕ್ಕೆ ವಾಪಸ್ ಕಳಿಸಿದ್ದನ್ನು ನಾನು ನಮ್ಮ ಹಡಗಿನಲ್ಲಿ ನೋಡಿಲ್ಲ. ಉದ್ದ ಪ್ಯಾಂಟು, ಕಾಲರ್ ಇರುವ ಶರ್ಟು, ಮುಚ್ಚಿದ ಶೂ ಇದ್ದರೆ ಫಾರ್ಮಲ್ ರಾತ್ರಿಯಲ್ಲೂ ಸುಮ್ಮನೆ ಒಳಗೆ ಕರೆದುಕೊಂಡು ಹೋಗುತ್ತಿದ್ದೆವು. ಬಿಗಿ ಇರುವ ಕಂಪನಿಗಳಲ್ಲಿ ಹೀಗೆ ನಡೆಯುತ್ತದೆ ಅಂತ ನಂಬಿಕೊಂಡು ಹೋಗಬೇಡಿ, ಅಲ್ಲಿ ಕೋಟು ಬೇಕೆಂದರೆ ಬೇಕು. ಚಡ್ಡಿಯವರನ್ನು ಪಕ್ಕಕ್ಕೆ ಕರೆದು, ಬೇರೆಯವರಿಗೆ ಕೇಳಿಸದ ಹಾಗೆ, "ಸರ್, ಕ್ಯಾಬಿನ್‌ಗೆ ಹೋಗಿ ಬದಲಾಯಿಸಿಕೊಂಡು ಬನ್ನಿ, ನಿಮ್ಮ ಟೇಬಲ್ ಹಾಗೇ ಇರುತ್ತದೆ, ಬೇಡವಾದರೆ ಮೇಲಿನ ಬುಫೆ ತೆರೆದಿದೆ" ಅನ್ನುವುದು ನಮಗೆ ಕಲಿಸಿದ ಮಾತು. ಅವಮಾನ ಮಾಡುವ ಉದ್ದೇಶ ಯಾರಿಗೂ ಇರುವುದಿಲ್ಲ.

ಈಗ ಬರಿಗಾಲು ಅವರ ಮಾತಿಗೆ. ಟೈ ವಿಷಯದಲ್ಲಿ ನಿಮ್ಮ ಜೊತೆ ನನಗೆ ಜಗಳ ಇಲ್ಲ. ಆದರೆ ಪಕ್ಕದ ಟೇಬಲ್‌ಗೆ ಏನು ತೊಂದರೆ ಅಂತ ಕೇಳಿದಿರಲ್ಲ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ಫಾರ್ಮಲ್ ರಾತ್ರಿ ನನ್ನ ಟೇಬಲ್‌ಗೆ ವಯಸ್ಸಾದ ದಂಪತಿ ಬಂದರು. ಮದುವೆ ವಾರ್ಷಿಕೋತ್ಸವ. ಯಜಮಾನರು ಕೋಟಿನ ಜೇಬಿಗೆ ಕರವಸ್ತ್ರ ಮಡಚಿ ಇಟ್ಟುಕೊಂಡಿದ್ದರು, ಆ ಮಡಿಕೆ ಕೆಡಬಾರದು ಅಂತ ಕೂರುವಾಗಲೂ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದರು. ಅವರ ಹಿಂದಿನ ಟೇಬಲ್‌ಗೆ ಈಜುಕೊಳದಿಂದ ನೇರ ಬಂದವರೊಬ್ಬರು, ಒದ್ದೆ ಚಡ್ಡಿ, ತೋಳಿಲ್ಲದ ಬನಿಯನ್ನು. ಬಾಗಿಲಲ್ಲಿ ಜನ ಜಾಸ್ತಿ ಇದ್ದ ಹೊತ್ತಿನಲ್ಲಿ ಒಳಗೆ ಬಂದುಬಿಟ್ಟಿದ್ದರು. ಆ ಅಮ್ಮ ಒಂದು ಮಾತೂ ಆಡಲಿಲ್ಲ. ಒಂದು ಸಲ ತಿರುಗಿ ನೋಡಿ, ಫೋಟೋಗ್ರಾಫರ್ ಬಂದಾಗ ಮಾತ್ರ, ಈ ಕಡೆಯಿಂದ ತೆಗೆಯಬೇಡಿ, ಹಿಂದೆ ಅವರು ಬರುತ್ತಾರೆ ಅಂದರು. ಆ ಒದ್ದೆ ಕುರ್ಚಿಯ ಬಟ್ಟೆಯನ್ನು ನಾವು ಮುಂದಿನ ಸೀಟಿಂಗ್, ಅಂದರೆ ಊಟದ ಮುಂದಿನ ಪಂಕ್ತಿ ಶುರುವಾಗುವುದರೊಳಗೆ ಬದಲಾಯಿಸಬೇಕಿತ್ತು. ಎರಡು ಸೀಟಿಂಗ್ ನಡುವೆ ಸಿಗುವ ಸಮಯ ಬಹಳ ಕಡಿಮೆ, ಅಷ್ಟರಲ್ಲಿ ಎಲ್ಲಾ ಟೇಬಲ್ ಬಟ್ಟೆ, ಗ್ಲಾಸು, ಚಮಚ ಹೊಸದಾಗಿ ಜೋಡಿಸಬೇಕು.

ಚಪ್ಪಲಿ ಬೇಡ ಅನ್ನುವುದಕ್ಕೆ ಸುರಕ್ಷತೆಯ ಕಾರಣವೂ ಇದೆ. ಹಡಗು ಓಲಾಡುವಾಗ ಗ್ಲಾಸು ಬೀಳುತ್ತದೆ, ಬಿಸಿ ಸೂಪು ಚೆಲ್ಲುತ್ತದೆ. ತೆರೆದ ಕಾಲಿನವರ ನಡುವೆ ತಟ್ಟೆಗಳ ರಾಶಿ ಹೊತ್ತು ನಡೆಯುವುದು ಎಷ್ಟು ಕಷ್ಟ ಅಂತ ಹೊತ್ತವರಿಗೇ ಗೊತ್ತು.

ನನಗೆ ನಿಜವಾಗಿ ಬೇಜಾರಾಗುವುದು ನಿಯಮದ ಬಗ್ಗೆ ಅಲ್ಲ. ಕಂಪನಿ ನಿಯಮ ಬರೆಯುತ್ತದೆ, ಕಾಪಾಡುವ ಕೆಲಸವನ್ನು ಬಾಗಿಲಲ್ಲಿ ನಿಂತ ಹುಡುಗನ ತಲೆಗೆ ಕಟ್ಟುತ್ತದೆ. ಅವನು ಒಬ್ಬರನ್ನು ತಡೆದರೆ ಅವರು ಕೊನೆಯ ದಿನ ಅಭಿಪ್ರಾಯದ ಫಾರ್ಮಿನಲ್ಲಿ ಕಡಿಮೆ ಅಂಕ ಕೊಡುತ್ತಾರೆ, ನಮ್ಮಲ್ಲಿ ಮುಂದಿನ ಕಾಂಟ್ರಾಕ್ಟ್ ಮಾತು ಬಂದಾಗ ಆ ಅಂಕ ನೋಡುತ್ತಿದ್ದರು. ಬಿಟ್ಟರೆ ನಿಯಮ ಪಾಲಿಸಿದವರು ಬಂದು, ನಮಗೆ ಮಾತ್ರ ಯಾಕೆ ಹೇಳಿದಿರಿ ಅಂತ ಕೇಳುತ್ತಾರೆ, ಅದು ನ್ಯಾಯವಾದ ಪ್ರಶ್ನೆ. ಒಂದೋ ಎಲ್ಲರಿಗೂ ಒಂದೇ ರೀತಿ ಪಾಲಿಸಿ, ಇಲ್ಲವಾದರೆ ನಿಯಮ ತೆಗೆದುಹಾಕಿ. ನಡುವೆ ತೂಗಾಡಿದರೆ ಏಟು ತಿನ್ನುವುದು ಕೆಲಸದವರೇ.

---

ಸೂಜಿದಾರ:

ಹೆಂಗಸರ ಕಡೆಯಿಂದ ಎರಡು ಮಾತು, ಯಾಕೆಂದರೆ ಈ ಚರ್ಚೆಯೆಲ್ಲ ಯಾವಾಗಲೂ ಗಂಡಸರ ಕೋಟಿನ ಸುತ್ತಲೇ ಸುತ್ತುತ್ತದೆ.

ಡೈನಿಂಗ್ ರೂಮಿನಲ್ಲಿ ಎಸಿ ಜೋರಾಗಿರುತ್ತದೆ. ನಿಮ್ಮ ಅತ್ತೆಯವರಿಗೆ ಒಂದು ಶಾಲು ಖಂಡಿತ ಇಡಿ. ಅವರು ತಮ್ಮ ನಾಡಿನ ಸಾಂಪ್ರದಾಯಿಕ ಉಡುಗೆಯಲ್ಲೇ ಹೋಗಬಹುದು, ಫಾರ್ಮಲ್ ರಾತ್ರಿಗೆ ಅದು ನಡೆಯುತ್ತದೆ, ಹೊಸದೇನೂ ಕೊಳ್ಳಬೇಕಾಗಿಲ್ಲ.

ಇಸ್ತ್ರಿಪೆಟ್ಟಿಗೆ ಮಾತ್ರ ತೆಗೆದುಕೊಂಡು ಹೋಗಬೇಡಿ. ಬೆಂಕಿಯ ಭಯಕ್ಕೆ ಸಾಮಾನ್ಯವಾಗಿ ಕ್ಯಾಬಿನ್‌ನಲ್ಲಿ ಬಿಡುವುದಿಲ್ಲ, ಹಡಗು ಹತ್ತುವಾಗ ಸ್ಕ್ಯಾನ್ ಮಾಡಿ ತೆಗೆದಿಟ್ಟುಕೊಳ್ಳುತ್ತಾರೆ. ಬಟ್ಟೆಗೆ ಹಬೆ ಹಿಡಿಯುವ ಸ್ಟೀಮರ್ ಕೂಡ ಹಾಗೇ. ಕೆಲವು ಹಡಗಿನಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ ಇಸ್ತ್ರಿ ಇರುತ್ತದೆ, ಇಲ್ಲದಿದ್ದರೆ ಕ್ಯಾಬಿನ್‌ನವರಿಗೆ ಕೊಟ್ಟು ಮಾಡಿಸಬೇಕು, ಅದಕ್ಕೆ ಬೇರೆ ದುಡ್ಡು. ಸುಕ್ಕು ಬೀಳದ ಬಟ್ಟೆ ಆರಿಸಿ, ಹತ್ತಿದ ಕೂಡಲೇ ಹ್ಯಾಂಗರ್‌ಗೆ ಹಾಕಿ, ಸ್ನಾನ ಮಾಡುವಾಗ ಬಾತ್‌ರೂಮಿನ ಹಬೆಯಲ್ಲಿ ತೂಗುಬಿಡಿ. ಅರ್ಧ ಸುಕ್ಕು ಅಲ್ಲೇ ಹೋಗುತ್ತದೆ.

ಮಗನಿಗೆ ಒಂದು ಗಾಢ ಬಣ್ಣದ ಪ್ಯಾಂಟು, ಎರಡು ಕಾಲರ್ ಶರ್ಟು. ಹರಿದ ಜೀನ್ಸ್ ಬೇಡ. ಹರಿಯದ, ಕಡು ನೀಲಿ ಜೀನ್ಸ್ ಆದರೆ ಸ್ಮಾರ್ಟ್ ಕ್ಯಾಶುವಲ್ ದಿನ ಎಷ್ಟೋ ಕಡೆ ಸರಿ, ಆದರೂ ನಿಮ್ಮ ಕಂಪನಿಯದ್ದು ನೋಡಿಕೊಳ್ಳಿ.

---

ಬರಿಗಾಲು:

ಹಳೆ_ವೇಟರ್ ಅವರೇ, ಒದ್ದೆ ಚಡ್ಡಿಯ ವಿಷಯ ಒಪ್ಪಿದೆ. ಅದನ್ನು ನಾನು ಸಮರ್ಥಿಸುತ್ತಾ ಇಲ್ಲ. ಶುಚಿಯಾಗಿರಬೇಕು, ಮೈ ಮುಚ್ಚಿರಬೇಕು, ಕಾಲಿಗೆ ಶೂ ಇರಬೇಕು. ಇಷ್ಟು ಇದ್ದರೆ ಆಮೇಲೆ ಕೋಟು ಟೈ ಅವರವರ ಇಷ್ಟಕ್ಕೆ ಬಿಡಿ ಅನ್ನುವುದೇ ನನ್ನ ಮಾತು. ಸೆಲೆಬ್ರಿಟಿ, ನಾರ್ವೇಜಿಯನ್ ಅದನ್ನೇ ಮಾಡಿವೆ, ಅವರ ಹಡಗುಗಳೇನೂ ಖಾಲಿ ಓಡುತ್ತಿಲ್ಲ. ಡ್ರೆಸ್ ಮಾಡಿಕೊಳ್ಳುವ ಆಸೆ ಇರುವವರು ಅಲ್ಲೂ ಮಾಡಿಕೊಳ್ಳುತ್ತಾರೆ, ಯಾರೂ ತಡೆಯುವುದಿಲ್ಲ.

---

ಅಲೆಮಾರಿ_ಹಕ್ಕಿ:

ಬರಿಗಾಲು ಸರ್, ಆ ಹಡಗುಗಳು ಇವೆ ಅಂದಮೇಲೆ ಟೈ ಬೇಡದವರು ಅವನ್ನೇ ಬುಕ್ ಮಾಡಬಹುದು, ಅಲ್ವಾ? ಕ್ಯುನಾರ್ಡ್ ಗಾಲಾ ಸಂಜೆಗೆ ಅಂತಲೇ ಕಾದು ಹೋಗುವವರು ಎಷ್ಟೋ ಜನ ಇದ್ದಾರೆ. ಇಡೀ ಕೋಣೆ ಒಂದೇ ಕಳೆಯಲ್ಲಿ ಇರಬೇಕು ಅನ್ನುವುದೇ ಅವರು ದುಡ್ಡು ಕೊಟ್ಟು ಕೊಂಡದ್ದು. ನಿಯಮ ಗೊತ್ತಿದ್ದೂ ಅಲ್ಲಿಗೇ ಹೋಗಿ ಚಡ್ಡಿಯಲ್ಲೇ ಒಳಗೆ ಬಿಡಿ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಬುಕ್ ಮಾಡುವ ಮುಂಚೆ ಓದುವುದು ನಮ್ಮ ಕೆಲಸ, ಬುಕ್ ಮಾಡಿದಮೇಲೆ ಪಾಲಿಸುವುದೂ ನಮ್ಮ ಕೆಲಸ.

---

ಕಡಲಕಿಟಕಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಂಪನಿ ಸೈಟಿನಲ್ಲಿ ನೋಡಿದೆ. ಫಾರ್ಮಲ್ ರಾತ್ರಿ ಕೋಟು ಇದ್ದರೆ ಒಳ್ಳೆಯದು, ಕಡ್ಡಾಯ ಅಲ್ಲ. ಉದ್ದ ಪ್ಯಾಂಟು ಮತ್ತು ಕಾಲರ್ ಶರ್ಟು ಮಾತ್ರ ಕಡ್ಡಾಯ. ಬುಫೆಯಲ್ಲಿ ರಾತ್ರಿಯೂ ಚಡ್ಡಿಗೆ ಅಡ್ಡಿಯಿಲ್ಲ.

ಇದನ್ನೆಲ್ಲ ಮಾವನವರಿಗೆ ಓದಿ ಹೇಳಿದೆ. ವೇಟರ್ ಸರ್ ಬರೆದ ಆ ವಾರ್ಷಿಕೋತ್ಸವದ ದಂಪತಿಯ ವಿಷಯ ಬಂದಾಗ ಅತ್ತೆ ಸುಮ್ಮನೆ ಕೂತಿದ್ದವರು, "ನಮಗೂ ಅಂಥ ಒಂದು ಫೋಟೋ ಬೇಕು" ಅಂದರು. ಮಾವನವರು ಒಂದು ಕ್ಷಣ ಬಿಟ್ಟು ಒಂದು ರಾತ್ರಿ ಕೋಟು ಹಾಕುತ್ತೇನೆ, ಇನ್ನೊಂದು ರಾತ್ರಿ ಮೊಮ್ಮಗನ ಜೊತೆ ಬುಫೆಗೆ ಹೋಗುತ್ತೇನೆ ಅಂದರು. ಇದಕ್ಕಿಂತ ಹೆಚ್ಚು ನಾನು ಕೇಳುವುದಿಲ್ಲ.

ಕೊನೆಯದಾಗಿ ಒಂದು ಪ್ರಶ್ನೆ. ಫಾರ್ಮಲ್ ರಾತ್ರಿ ಯಾವತ್ತು ಇಡುತ್ತಾರೆ? ಹತ್ತಿದ ದಿನವೇ ಇದ್ದರೆ ಕಷ್ಟ.

---

ಹಳೆ_ವೇಟರ್:

ಹತ್ತಿದ ದಿನ ಸಾಮಾನ್ಯವಾಗಿ ಇಡುವುದಿಲ್ಲ ಮೇಡಂ. ಬಂದರಿನಲ್ಲಿ ಕೊಟ್ಟ ಪೆಟ್ಟಿಗೆಗಳು ಕ್ಯಾಬಿನ್ ಬಾಗಿಲಿಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ, ಕೆಲವರದ್ದು ಊಟದ ಹೊತ್ತಿಗೂ ಬಂದಿರುವುದಿಲ್ಲ. ಅದಕ್ಕೇ ಮೊದಲ ರಾತ್ರಿ ಎಲ್ಲರೂ ಬಂದ ಬಟ್ಟೆಯಲ್ಲೇ ಊಟಕ್ಕೆ ಇಳಿಯುತ್ತಾರೆ. ಆ ದಿನಕ್ಕೆ ಮಗ ಉದ್ದ ಪ್ಯಾಂಟು ಹಾಕಿಕೊಂಡೇ ಹಡಗು ಹತ್ತಲಿ. ಫಾರ್ಮಲ್ ಇಡುವುದು ಹೆಚ್ಚಾಗಿ ಹಡಗು ಎಲ್ಲೂ ನಿಲ್ಲದೆ ಇಡೀ ದಿನ ಸಮುದ್ರದ ಮೇಲಿರುವ ದಿನ, ಆಗ ತಯಾರಾಗುವುದಕ್ಕೆ ಎಲ್ಲರಿಗೂ ಪುರುಸೊತ್ತು ಇರುತ್ತದೆ. ಯಾವ ರಾತ್ರಿ ಏನು ಅನ್ನುವುದು ಹಡಗಿನ ಆ್ಯಪ್‌ನಲ್ಲಿ ಅಥವಾ ಕ್ಯಾಬಿನ್‌ಗೆ ಬರುವ ದಿನಚರಿ ಕಾಗದದಲ್ಲಿ ಇರುತ್ತದೆ.

ಕೊನೆಯ ರಾತ್ರಿಯೂ ಸಾಮಾನ್ಯವಾಗಿ ಕ್ಯಾಶುವಲ್ಲೇ. ಅವತ್ತು ದೊಡ್ಡ ಪೆಟ್ಟಿಗೆಗಳನ್ನು ಮಲಗುವ ಮುಂಚೆ ಕ್ಯಾಬಿನ್ ಹೊರಗೆ ಇಡಬೇಕು, ರಾತ್ರಿಯೇ ಒಯ್ಯುತ್ತಾರೆ. ಬೆಳಿಗ್ಗೆ ಹಾಕಿಕೊಳ್ಳುವ ಬಟ್ಟೆ, ಶೂ, ಮಾವನವರ ಮಾತ್ರೆಗಳನ್ನು ಕೈಚೀಲದಲ್ಲಿ ಬೇರೆ ತೆಗೆದಿಡಿ.